ಒಂಬತ್ತನೇ ಹಾಡು

ಬೈಂಡಿಂಗ್ ಶಾಪಿನಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕುವ ಅವಳನ್ನು ಗಂಡ ಬಿಟ್ಟು ಹೋಗಿ ಎಂಟು ತಿಂಗಳಾಗಿತ್ತು. ಜಗಳ ಆಡಿ ಹೋದವನಲ್ಲ. ನಮ್ಮಿಬ್ಬರ ಮಧ್ಯೆ ಮಾತೇ ಉಳಿದಿಲ್ಲ ಅಂತ ಹೇಳಿ, ಎರಡು ಚೀಲ ಬಟ್ಟೆ ಮತ್ತು ಗಿಟಾರು ತಗೊಂಡು ಮೆಟ್ಟಿಲಿಳಿದಿದ್ದ. ಮಾತು ಉಳಿದಿಲ್ಲ ಅನ್ನುವುದೇ ಅವಳಿಗೆ ಸೋಜಿಗ. ಆ ಮನೆಯಲ್ಲಿ ಮಾತಾಡುತ್ತಿದ್ದವಳು ಅವಳೊಬ್ಬಳೇ. ಎದ್ದಾಗಿನಿಂದ ಮಲಗುವವರೆಗೆ ಅವಳ ಬಾಯಿಗೆ ಬಿಡುವಿರಲಿಲ್ಲ, ಮಲಗಿದ ಮೇಲೂ ಕನವರಿಸುತ್ತಿದ್ದಳು. ಅವನೋ ‘ಹೂಂ’, ‘ಉಹೂಂ’ ಎರಡರಲ್ಲೇ ಒಂಬತ್ತು ವರ್ಷ ಸಂಸಾರ ಮಾಡಿದವ. ಅವನ ಕಿವಿ ಸ್ವಲ್ಪ ಮಂದ ಎಂದು ಅವಳು ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಹಗಲೆಲ್ಲ ಪಾರ್ಸೆಲ್ ಆಫೀಸಿನ ಗದ್ದಲ, ಸಂಜೆ ಬ್ಯಾಂಡಿನ ಗದ್ದಲ. ಪಾಪ, ಕಿವಿಯಾದರೂ ಎಷ್ಟು ತಡೆದೀತು.

ವಿಚ್ಛೇದನದ ಕಾಗದಗಳು ಬಂದು ನಾಲ್ಕು ತಿಂಗಳಾಗಿದ್ದವು. ಅವಳು ಸಹಿ ಹಾಕಿರಲಿಲ್ಲ. ವಕೀಲರ ಕಡೆಯಿಂದ ಫೋನು ಬಂದಾಗಲೆಲ್ಲ ಕನ್ನಡಕ ಸಿಗುತ್ತಿಲ್ಲ, ಪೆನ್ನು ಬರೆಯುತ್ತಿಲ್ಲ ಎಂದು ಏನೋ ಒಂದು ನೆಪ ಹೇಳುತ್ತಿದ್ದಳು.

ಅವನ ಬ್ಯಾಂಡಿನ ಹೆಸರು ‘ಮೂರೂವರೆ ಜನ’. ನಾಲ್ಕನೆಯವನು ಅರ್ಧ ದಿನ ಬಂದರೆ ಅರ್ಧ ದಿನ ನಾಪತ್ತೆ, ಅದಕ್ಕೇ ಆ ಹೆಸರು. ಗಿಟಾರು, ಡ್ರಮ್ಮು ಸರಿ, ಅದರ ಜೊತೆಗೆ ಅಲಾರಂ ಗಡಿಯಾರ, ಆಟದ ಪಿಯಾನೋ, ಗಾಳಿ ಹೊಡೆಯುವ ಪಂಪು. ಹದಿನಾಲ್ಕು ವರ್ಷ ಇವರನ್ನು ಕೇಳುವ ನರಪಿಳ್ಳೆ ಇರಲಿಲ್ಲ. ಈಗ ‘ಬಾಗಿಲು ಹಾಕ್ಕೊಂಡು ಹೋಗಿ’ ಎಂಬ ಆಲ್ಬಂ ಬಂದದ್ದೇ ಬಂದದ್ದು, ಎಲ್ಲರ ಬಾಯಲ್ಲೂ ಅದೇ.

ಶಾಪಿಗೆ ಅದನ್ನು ತಂದವನು ಕಟಿಂಗ್ ಮಾಸ್ಟರ್. ಯಂತ್ರದ ಪಕ್ಕ ಫೋನಿಟ್ಟು, ಚಿಕ್ಕ ಸ್ಪೀಕರಿಗೆ ಜೋಡಿಸಿ, ಕಾಗದದ ಕಟ್ಟು ಕತ್ತರಿಸುತ್ತ ತಲೆ ಅಲ್ಲಾಡಿಸುತ್ತಿದ್ದ. ಹಾಡಿದವನು ಯಾರ ಗಂಡ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲ ಹಾಡು ಶುರುವಾದಾಗ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಡ್ರಮ್ಮಿನ ಏಟು ಬೀಳುವ ಕಡೆಯೆಲ್ಲ ಅವನ ದನಿ: “ಗ್ಯಾಸ್ ಆಫ್ ಮಾಡಿದ್ಯಾ? ಮಾಡಿದ್ಯಾ? ನಿಜವಾಗ್ಲೂ ಮಾಡಿದ್ಯಾ?”

ಅವಳ ಕೈ ನಿಂತಿತು. ಬೀಗ ಹಾಕಿ ಎರಡು ಮಹಡಿ ಇಳಿದ ಮೇಲೆ ದಿನಾ ಅವಳು ಕೇಳುತ್ತಿದ್ದದ್ದು ಅದೇ, ಮೂರು ಸಲ, ಅದೇ ರಾಗದಲ್ಲಿ. ಮೂರನೇ ಹಾಡು ಹಿಡಿ ಮುರಿದ ಬಕೆಟ್ಟಿನ ಮೇಲೆ. ಹಿಡಿ ಹೋದ ಬಕೆಟ್ಟಿಗೂ ಒಂಟಿ ಚಪ್ಪಲಿಗೂ ‘ಪಾಪ’ ಅನ್ನುವ ಅಭ್ಯಾಸ ಅವಳದು. ಐದನೇ ಹಾಡಂತೂ ಅವಳು ನಿದ್ದೆಯಲ್ಲಿ ಕನವರಿಸಿದ್ದು: “ಆ ಎಮ್ಮೆಗೂ ಒಂದು ಟಿಕೆಟ್ ಕೊಡಿ, ಕಿಟಕಿ ಪಕ್ಕ.” ಹಿಂದಿನಿಂದ ಗಿಟಾರು ಗರಗಸದ ಹಾಗೆ ಕೊರೆಯುತ್ತಿದ್ದರೆ ಪಂಪು ಬುಸ್ ಬುಸ್ ಎನ್ನುತ್ತಿತ್ತು. ಕಟಿಂಗ್ ಮಾಸ್ಟರ್ ಹೊಟ್ಟೆ ಹಿಡಿದು ನಕ್ಕ. ಅವಳಿಗೂ ನಗು ಉಕ್ಕಿತು. ನಾಚಿಕೆ, ಸಿಟ್ಟು, ಮತ್ತೆ ಎಲ್ಲೋ ಒಳಗೆ ಒಂದು ಹೆಮ್ಮೆ. ಅವನು ಮರೆತಿಲ್ಲ ಹಾಗಾದರೆ. ಒಂದೂ ಮರೆತಿಲ್ಲ. ಇನ್ನೇನು ಬಂದೇಬಿಡುತ್ತಾನೆ ಎಂದು ಅವಳ ಹುಚ್ಚು ಮನಸ್ಸು ಲೆಕ್ಕ ಹಾಕತೊಡಗಿತು.

ಅಷ್ಟರಲ್ಲಿ ಒಂಬತ್ತನೇ ಹಾಡು ಬಂತು. ಅದರಲ್ಲಿ ಗದ್ದಲವಿಲ್ಲ, ಬರೀ ಆಟದ ಪಿಯಾನೋ. ಯಾವುದೋ ಪುಟ್ಟದೊಂದು ಬಾಗಿಲ ತನಕ ಬಂತಂತೆ, ನಾಲ್ಕೂವರೆ ತಿಂಗಳು ಇತ್ತಂತೆ, ಒಳಗೆ ಬರದೆ ಹೋಯಿತಂತೆ. ಆಮೇಲೆ ಒಂದೇ ಸಾಲು, ಮತ್ತೆ ಮತ್ತೆ: “ಅದಕ್ಕೊಂದು ಹೆಸರಾದ್ರೂ ಇಡಬಹುದಿತ್ತು.”

“ಮ್ಯಾವ್,” ಅಂದ ಕಟಿಂಗ್ ಮಾಸ್ಟರ್. ಅದು ಬೆಕ್ಕಿನ ಮರಿಯ ಹಾಡು, ಎಲ್ಲರೂ ಆ ಸಾಲಾದ ಮೇಲೆ ಮ್ಯಾವ್ ಅಂತಾರೆ ಎಂದು ವಿವರಿಸಿದ.

ಸೂಜಿ ಅವಳ ಬೆರಳಿಗೆ ಚುಚ್ಚಿತ್ತು. ಹಾಳೆಗೆ ರಕ್ತ ತಾಗಬಾರದೆಂದು ಬೆರಳು ಬಾಯಿಗಿಟ್ಟುಕೊಂಡು ಕೈ ತೊಳೆಯುವ ಜಾಗಕ್ಕೆ ಹೋದಳು. ಮೂರು ವರ್ಷದ ಹಿಂದೆ ಬಸಿರು ಕಳೆದುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಟವೆಲು ಮಡಚುತ್ತ ಗೋಡೆಗೆ ಹೇಳಿದ ಹಾಗೆ ಅವಳು ಹೇಳಿದ್ದ ಮಾತು ಅದು. ಅವನು ಕಿಟಕಿಯ ಬಳಿ ಕೂತು ಗಿಟಾರಿನ ತಂತಿ ಬಿಗಿಯುತ್ತಿದ್ದ. ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಹಾಲು ತರುತ್ತೇನೆಂದು ಹೊರಟ. ಕೇಳಿಸಲಿಲ್ಲ ಅವನಿಗೆ, ಕಿವಿ ಮಂದ ಅಂದುಕೊಂಡಿದ್ದಳು.

ಗೋಂದಿನ ಕೈ ತೊಳೆಯಲು ಬಂದ ದೊಡ್ಡಕ್ಕ ಅವಳ ಮುಖ ನೋಡಿದಳು. ದೊಡ್ಡಕ್ಕ ರಟ್ಟು ಅಂಟಿಸುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದವಳು. ಶಾಪಿನವರಿಗೆಲ್ಲ ಆಕೆ ದೊಡ್ಡಕ್ಕನೇ. ಏನಾಯಿತೆಂದು ಕೇಳಲಿಲ್ಲ. ಆ ಹಾಡು ತಾನೂ ಮನೆಯಲ್ಲಿ ಹಾಕಿಕೊಳ್ಳುತ್ತೇನೆ, ಹಾಡಿನ ತಲೆಬುಡ ಅರ್ಥವಾಗದು, ಆದರೂ ಹಿಂದಿನ ಹಾಡಿಗೆ ನಕ್ಕ ನಗು ಬಾಯಲ್ಲಿರುವಾಗಲೇ ಇದು ಬಂದು ಎದೆಗೆ ಕೈ ಹಾಕುತ್ತದೆ ಎಂದಳು. ಹೋಗುವಾಗ ಮೆಲ್ಲಗೆ, “ಅದು ಬೆಕ್ಕಲ್ಲ ಕಣೇ,” ಅಂದಳು.

ಭಾನುವಾರ ಮಧ್ಯಾಹ್ನ, ಮುಚ್ಚಿಹೋದ ಸಿನಿಮಾ ಹಾಲೊಂದರಲ್ಲಿ ಬ್ಯಾಂಡಿನ ಕಾರ್ಯಕ್ರಮವಿತ್ತು. ಅವಳು ಹೋದಳು. ಕುರ್ಚಿ ಕಿತ್ತ ನೆಲದ ಮೇಲೆ ನಾನೂರು ಜನ ನಿಂತಿದ್ದರು. ಅವಳ ಗ್ಯಾಸು, ಅವಳ ಬಕೆಟ್ಟು, ಅವಳ ಎಮ್ಮೆ, ಎಲ್ಲ ಅವರಿಗೆ ಬಾಯಿಪಾಠ. ಪಕ್ಕದ ಹುಡುಗಿ ಬಿಕ್ಕಳಿಕೆ ಬರುವಷ್ಟು ನಗುತ್ತ, ಈ ಹಾಡುಗಳನ್ನು ಕೇಳಿದರೆ ಯಾರೋ ನನ್ನನ್ನು ತುಂಬ ಪ್ರೀತಿ ಮಾಡ್ತಿದ್ದಾರೆ ಅನ್ನಿಸುತ್ತೆ ಆಂಟಿ ಅಂದಳು. ಅವಳು ಹುಡುಗಿಯ ಕೈ ಒತ್ತಿದಳು.

ಎಂಟನೇ ಹಾಡು ಮುಗಿಯುವಾಗ ಅವನು ಅವಳನ್ನು ಕಂಡ. ಕಂಡವನ ಮುಖ ಸುಣ್ಣವಾಯಿತು. ಇವತ್ತು ಮುಂದಿನ ಹಾಡು ಬೇಡ ಎಂದು ಮೈಕಿನಲ್ಲಿ ಹೇಳಿದ. ಜನ ಅದನ್ನೂ ತಮಾಷೆ ಅಂದುಕೊಂಡರು. ತಾವೇ ಶುರು ಮಾಡಿದರು. ನಾನೂರು ಕಂಠ ಒಟ್ಟಿಗೆ, ಹೆಸರಾದ್ರೂ ಇಡಬಹುದಿತ್ತು, ಮ್ಯಾವ್. ಅವನು ತಂತಿಯ ಮೇಲೆ ಅಂಗೈ ಊರಿಕೊಂಡು ಕಲ್ಲಿನ ಹಾಗೆ ನಿಂತಿದ್ದ. ಅವಳು ಕೊನೆಯವರೆಗೂ ಕೇಳಿ, ಆಮೇಲೆ ಪಕ್ಕದ ಬಾಗಿಲಿನಿಂದ ಆಚೆ ಬಂದಳು.

ಅರ್ಧ ಗಂಟೆಯಾದ ಮೇಲೆ ಅವಳು ಕಾಯುತ್ತಿದ್ದ ಹಿಂದಿನ ಮೆಟ್ಟಿಲಿಗೆ ಅವನು ಬಂದ. ಅಂಗಿಯೆಲ್ಲ ಬೆವರು. ತಪ್ಪಾಯಿತು, ಬರೆಯುವಾಗ ಜನ ಹೀಗೆ ಮಾಡುತ್ತಾರೆಂದು ಗೊತ್ತಿರಲಿಲ್ಲ, ನೀನು ಹೇಳಿದರೆ ಆ ಹಾಡನ್ನು ಇನ್ನು ಹಾಡುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಒಂಬತ್ತು ವರ್ಷದಲ್ಲಿ ಅವನು ಅಷ್ಟು ಉದ್ದಕ್ಕೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

“ಅವತ್ತು ನಿನಗೆ ಕೇಳಿಸ್ತಾ?” ಎಂದಳು.

“ಕೇಳಿಸ್ತು.”

“ಎಲ್ಲಾನೂ ಕೇಳಿಸ್ತಿತ್ತಾ?”

“ಎಲ್ಲಾನೂ.” ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. “ಏನು ಹೇಳ್ಬೇಕು ಅಂತ ಗೊತ್ತಾಗ್ತಿರಲಿಲ್ಲ. ಹಾಡಿದ್ರೆ ಹೇಳಿದ ಹಾಗೇ ಅಂದ್ಕೊಂಡೆ.”

“ನನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಹೇಳಿದೆ ನೀನು,” ಎಂದಳು ಅವಳು. ದನಿ ಏರಿಸಲಿಲ್ಲ. “ನಿನಗೆ ಕೇಳಿಸಲ್ಲ ಅಂದ್ಕೊಂಡೇ ಇಷ್ಟು ವರ್ಷ ನಿನ್ನ ಕ್ಷಮಿಸ್ತಾ ಬಂದೆ ಕಣೋ. ಅದೊಂದೇ ನನಗಿದ್ದ ಆಧಾರ.”

ಅವನು ಅತ್ತ. ಅವಳು ಪಕ್ಕದಲ್ಲಿ ಕೂತಳು. ಬೆನ್ನಿನ ಮೇಲೆ ಕೈ ಇಡಬೇಕೆನ್ನಿಸಿದರೂ ಇಡಲಿಲ್ಲ. ತುಸು ಹೊತ್ತಿಗೆ ಅವನು ಮೂಗು ಒರೆಸಿಕೊಂಡು, ಏನು ಹೆಸರಿಡಬೇಕು ಅಂತಿದ್ದೆ ಎಂದು ಕೇಳಿದ.

ಹೆಸರು ಅವಳ ನಾಲಿಗೆಯ ತುದಿಗೇ ಬಂದಿತ್ತು. ಮೂರು ವರ್ಷದಿಂದ ಅಲ್ಲೇ ಇತ್ತು. “ಹೇಳಲ್ಲ,” ಎಂದಳು. “ಇದೊಂದು ನನ್ನ ಹತ್ತಿರಾನೇ ಇರ್ಲಿ.”

ಹಾಡು ನಿಲ್ಲಿಸಬೇಡ ಎಂದೂ ಹೇಳಿದಳು. ಶಾಪಿನಲ್ಲಿ ಒಬ್ಬಳು ಅದನ್ನು ಸರಿಯಾಗಿ ಕೇಳುತ್ತಾಳೆ, ಅಂಥವರು ಇನ್ನೂ ಎಷ್ಟು ಮಂದಿ ಇದ್ದಾರೋ, ಅವರಿಗಾದರೂ ಬೇಕಲ್ಲ.

ಸೋಮವಾರ ಕೆಲಸಕ್ಕೆ ಹೋಗುವ ಮೊದಲು ಅಡುಗೆಮನೆಯ ಕಟ್ಟೆಯ ಮೇಲೆ ಕಾಗದಗಳನ್ನು ಹರಡಿಕೊಂಡು ಹೇಳಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಕನ್ನಡಕ ಕೈಗೇ ಸಿಕ್ಕಿತು, ಪೆನ್ನೂ ಬರೆಯಿತು, ಅದೇ ಅವಳಿಗೆ ಹೆಚ್ಚು ಸಂಕಟ ತಂದಿತು. ಕವರನ್ನು ಅಂಚೆಗೆ ಹಾಕಿ ಶಾಪಿಗೆ ಬಂದಾಗ ಹತ್ತು ನಿಮಿಷ ತಡವಾಗಿತ್ತು. ಶಾಲೆಯ ಅಟ್ಲಾಸುಗಳ ದೊಡ್ಡ ಆರ್ಡರು ಬಂದು ಬಿದ್ದಿತ್ತು. ಅವಳು ಮೊದಲ ಕಟ್ಟು ಬಿಚ್ಚಿ, ಪುಟಗಳ ಅಂಚು ಸರಿಮಾಡಿ, ಇದ್ದಕ್ಕಿದ್ದ ಹಾಗೆ ಮೇಜಿಗೆ ತಲೆಯಿಟ್ಟು ಅಳತೊಡಗಿದಳು. ಕಟಿಂಗ್ ಮಾಸ್ಟರ್ ಗಾಬರಿಯಾಗಿ ಯಂತ್ರ ನಿಲ್ಲಿಸಿದ. ದೊಡ್ಡಕ್ಕ ಅವನಿಗೆ ಹೊರಗೆ ಹೋಗೆಂದು ಕಣ್ಣಲ್ಲೇ ಹೇಳಿ, ಸ್ಟೂಲು ಎಳೆದುಕೊಂಡು ಅವಳ ಪಕ್ಕ ಕೂತು, ಅವಳ ಪಾಲಿನ ಕಟ್ಟಿಗೆ ತಾನೇ ಹೊಲಿಗೆ ಹಾಕುತ್ತ ಹೋದಳು.