ಮೊಯ್ದುವಿನ ಮೊಣಕಾಲು

ಟಾರ್ಪಾಲಿನ ಒಂದು ಮೂಲೆಯನ್ನು ಜವರಯ್ಯ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಯೋಗೇಶ್ ಅದನ್ನು ಸಿಲ್ವರ್ ಓಕ್ ಮರಕ್ಕೆ ಹಗ್ಗ ಸುತ್ತಿ ಕಟ್ಟುತ್ತಿದ್ದ. ನಿನ್ನೆಯವರೆಗೆ ಯಾರದೋ ಕಣದಲ್ಲಿ ಕಾಫಿ ಹಣ್ಣು ಹೊತ್ತು ಮಲಗಿದ್ದ ಟಾರ್ಪಾಲು ಅದು. ಬೆಳಿಗ್ಗೆ ಕೊಡವಿ ತಂದಿದ್ದರು. ಕೊಟ್ಟಿಗೆಹಾರದ ಜನವರಿ ಬಿಸಿಲು ಹತ್ತು ಗಂಟೆಗೇ ಚುರುಗುಟ್ಟುತ್ತಿತ್ತು, ಮೊಯ್ದುವಿನ ಅಂಗಳದಲ್ಲಿ ಸೇರಿದ್ದವರಿಗೆ ನೆರಳು ಬೇಕಿತ್ತು.

"ಅಲ್ಲ ರೈಟ್ರೇ," ಯೋಗೇಶ್ ಹಲ್ಲಲ್ಲಿ ಹಗ್ಗ ಕಚ್ಚಿಕೊಂಡೇ ಅಂದ, "ಆ ಕೋಚಿಗೆ ತಲೆ ಇದ್ಯಾ? ಮುಂದೆ ಒಬ್ನೇ ಒಬ್ಬ, ಹಿಂದೆ ಎಲ್ಲಾ ಕಾವಲಿಗೆ. ಗೋಲು ಯಾರು ಹೊಡೀಬೇಕು, ಅವರಜ್ಜೀನಾ?"

ಅಂದವನೇ ಸಾವಿನ ಮನೆ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಆದರೆ ಬೆಂಚಿನ ಮೇಲಿದ್ದ ಹೋಟೆಲಿನ ಸುರೇಂದ್ರ ಸುಮ್ಮನಿರಬೇಕಲ್ಲ. ಮುಂದೆ ಇಬ್ಬರನ್ನು ನಿಲ್ಲಿಸಿದರೆ ನಡುಮೈದಾನದಲ್ಲಿ ನಿನ್ನ ಪಿಕಪ್ ಓಡಿಸುವಷ್ಟು ಜಾಗ ಖಾಲಿ ಬೀಳುತ್ತದೆ ಎಂದು ತಗ್ಗಿದ ದನಿಯಲ್ಲಿ ಶುರುಮಾಡಿದ. ಹೀಗೆ ಬೆಂಗಳೂರು ಫುಟ್ಬಾಲ್ ತಂಡದ ಶನಿವಾರದ ಸೋಲು ಮೊಯ್ದುವಿನ ಅಂಗಳಕ್ಕೂ ಬಂತು. ಇದನ್ನು ಕೇಳಿ ಯಾರೂ ಮುಖ ಸಿಂಡರಿಸಲಿಲ್ಲ. ಮೊಯ್ದುವಿನ ಟಯರ್ ಅಂಗಡಿ ಹನ್ನೊಂದು ವರ್ಷದಿಂದ ಈ ಜಗಳದ ಕಟ್ಟೆಯಾಗಿತ್ತು. ಪಂಕ್ಚರ್ ಹಾಕಿಸಲು ಬಂದವನು ಟ್ಯೂಬು ನೀರಿಗೆ ಬೀಳುವ ಮೊದಲು ಯಾವ ಕಡೆ ಎಂದು ಹೇಳಬೇಕಿತ್ತು: ಮುಂದೆ ಒಬ್ಬನೋ, ಇಬ್ಬರೋ. ಮೊಯ್ದುವಿನದು ಇಬ್ಬರು, ಜೊತೆಗೆ ಎರಡು ಬದಿಗೂ ಗಾಳಿಯಂತೆ ಓಡುವವರು. ಜವರಯ್ಯನದು ಒಬ್ಬ. ನಿವೃತ್ತ ಎಸ್ಟೇಟ್ ರೈಟರು, ಲೆಕ್ಕದ ಮನುಷ್ಯ. ಹಿಂದೆ ಗಟ್ಟಿಯಿದ್ದರೆ ಮುಂದಿನದು ಹೇಗೋ ಆಗುತ್ತದೆ ಎನ್ನುವವರು.

ಇವತ್ತು ಜವರಯ್ಯ ಯಾವ ಕಡೆಗೂ ಮಾತಾಡಲಿಲ್ಲ. ಅವರ ಗಂಟಲಲ್ಲಿ ಒಂದೇ ಒಂದು ಮಾತು ಮೂವತ್ತೇಳು ವರ್ಷದಿಂದ ಸಿಕ್ಕಿಕೊಂಡಿತ್ತು. ಮೊಯ್ದುವಿನ ಮೊಣಕಾಲಿನಲ್ಲಿ ಯಾವ ದೋಷವೂ ಇರಲಿಲ್ಲ ಎನ್ನುವ ಮಾತು. ಅದನ್ನು ಕೇಳಬೇಕಾಗಿದ್ದವನು ಈಗ ಒಳಗೆ ಬಿಳಿ ಬಟ್ಟೆಯಲ್ಲಿ ಮಲಗಿದ್ದ.

*

ಶನಿವಾರವೇ ಹೇಳಿಬಿಡಬೇಕಿತ್ತು. ಅವಕಾಶವೂ ಬಂದಿತ್ತು, ಹಾಳಾದ್ದು.

ಅಂಗಡಿಯಲ್ಲಿ ಎಂದಿನಂತೆ ಟಿ.ವಿ. ಹಾಕಿದ್ದರು. ಮೊಯ್ದು ಸ್ಟೂಲಿನ ಮೇಲೆ ಬಲಗಾಲು ನೀಡಿಕೊಂಡು ಕೂತಿದ್ದ. ಅವನು ಕೂರುವುದೇ ಹಾಗೆ. ಆ ಕಾಲು ಮಡಚಬಾರದು, ಓಡಬಾರದು, ಭಾರ ಹೊರಬಾರದು. ಹೊಸ ಗಿರಾಕಿ ಯಾಕೆಂದು ಕೇಳಿದರೆ ಜವರಯ್ಯನತ್ತ ಕೈ ತೋರಿಸಿ, ಇವರು ಅವತ್ತು ತಡೆಯದಿದ್ದರೆ ನಾನು ಇವತ್ತು ಕೋಲು ಹಿಡಿದಿರುತ್ತಿದ್ದೆ, ನನ್ನ ಕಾಲು ಉಳಿಸಿದವರು ಇವರೇ ಎಂದು ಹೇಳುತ್ತಿದ್ದ. ಪ್ರತಿ ಸಲವೂ ಹೇಳುತ್ತಿದ್ದ. ಪ್ರತಿ ಸಲವೂ ಜವರಯ್ಯ ಚಹಾ ಲೋಟದೊಳಗೆ ನೋಡುತ್ತಿದ್ದರು.

ಆ ದಿನ ಕೋಚು ಬಲಬದಿಯ ಹಳೆಯ ಆಟಗಾರನನ್ನು ಹೊರಗೆ ಕೂರಿಸಿದ್ದ. ಬದಲಿಗೆ ಹೊಸದಾಗಿ ಕೊಂಡುತಂದ ಹುಡುಗ ಇಳಿದಿದ್ದ. ಕ್ಯಾಮೆರಾ ಆ ಹಳಬನನ್ನು ಒಮ್ಮೆ ತೋರಿಸಿತು. ಟವೆಲ್ ಹೊದ್ದು ಬೆಂಚಿನ ತುದಿಯಲ್ಲಿ ಕೂತಿದ್ದ. ವಯಸ್ಸಾದವರನ್ನು ಬಿಡುವುದೇ ಸರಿ ಎಂದು ಸುರೇಂದ್ರ ಅಂದ. ಮೊಯ್ದು ಎಂದೂ ಇಲ್ಲದ ಹಾಗೆ ಮೆಲ್ಲಗೆ ಮಾತಾಡಿದ.

"ಕೂರ್ಸ್ಲಿ. ಕೋಚಿಗೆ ಅಧಿಕಾರ ಉಂಟು. ಆದ್ರೆ ಕಾಲು ಸರಿ ಇದ್ದವನನ್ನ ಕೂರ್ಸಿದ್ರೆ ಅವನಿಗೆ ಕಾರಣ ಹೇಳ್ಬೇಕು. ಅಲ್ವಾ ರೈಟ್ರೇ?"

ಜವರಯ್ಯ ಲೋಟ ಕೆಳಗಿಟ್ಟರು. ಇವನಿಗೆ ಗೊತ್ತಾಗಿದೆಯೇ? ಮುಖ ನೋಡಿದರು. ಆ ಮುಖದಲ್ಲಿ ಏನೂ ಇರಲಿಲ್ಲ, ಬೆಂಚಿನ ಮೇಲೆ ಕೂತವನ ಬಗ್ಗೆ ಕನಿಕರ ಮಾತ್ರ ಇತ್ತು. "ಮೊಯ್ದು, ಒಂದು ಮಾತು ಮಾರಾಯ," ಎಂದು ಜವರಯ್ಯ ಬಾಯಿ ತೆರೆದೇಬಿಟ್ಟರು. ಅಷ್ಟರಲ್ಲಿ ಎದುರು ತಂಡ ಗೋಲು ಹೊಡೆಯಿತು. ಅಂಗಡಿಯಲ್ಲಿ ಗದ್ದಲ ಎದ್ದಿತು. ಮುಂದಿನ ಶನಿವಾರ ಹೇಳಿದರಾಯಿತು ಎಂದುಕೊಂಡು ಅವರು ಚಪ್ಪಲಿ ಮೆಟ್ಟಿದರು. ನಾಳೆ ಅಂದವನ ಮನೆ ಹಾಳು ಅಂತ ಅವರಮ್ಮ ಹೇಳುತ್ತಿದ್ದುದು ಸುಮ್ಮನೆಯೇ? ಮಂಗಳವಾರ ಬೆಳಿಗ್ಗೆ ಮೊಯ್ದು ಶಟರ್ ಎತ್ತಲು ಬಗ್ಗಿದವನು ಮೇಲೇಳಲಿಲ್ಲ.

*

ಮೊಯ್ದುವಿನ ಮಯ್ಯತ್ತನ್ನು ಮಂಚದ ಮೇಲಿಟ್ಟು ಹೊರಗೆ ತಂದರು. ಒಳಗಿನಿಂದ ಹೆಂಡತಿ ಕುಲ್ಸುಮ್‌ಳ ಅಳು ಒಮ್ಮೆ ಎತ್ತರಕ್ಕೆ ಹೋಗಿ ಇಳಿಯಿತು. ಮಗ ಅಸದ್ ಮುಂದೆ ಹೆಗಲು ಕೊಟ್ಟಿದ್ದ. ಅಪ್ಪನ ಜೊತೆ ಅಂಗಡಿಯಲ್ಲೇ ಕೆಲಸ ಮಾಡುತ್ತಿದ್ದ ಇಪ್ಪತ್ತಾರರ ಹುಡುಗ. ಉಗುರಿನ ಸಂದಿಯಲ್ಲಿ ಇನ್ನೂ ರಬ್ಬರಿನ ಕಪ್ಪು ಇತ್ತು. ಮಸೀದಿಗೆ ಅರ್ಧ ಮೈಲಿ. ದಾರಿಯುದ್ದಕ್ಕೂ ಜನ ನುಗ್ಗಿ ಬಂದು ನಾಲ್ಕು ಹೆಜ್ಜೆ ಹೊತ್ತು ಮುಂದಿನವರಿಗೆ ಬಿಡುತ್ತಿದ್ದರು. ಸುರೇಂದ್ರನೂ ಹೊತ್ತ, ಯೋಗೇಶನೂ ಹೊತ್ತ. ಬನ್ನಿ ರೈಟ್ರೇ ಎಂದು ಯಾರೋ ಕರೆದರು. ಜವರಯ್ಯ ಹೆಗಲ ಟವೆಲ್ ಸರಿಮಾಡಿಕೊಂಡರು, ಮುಂದೆ ಹೋಗಲಿಲ್ಲ. ಸುಳ್ಳು ಹೊತ್ತ ಹೆಗಲನ್ನು ಅಲ್ಲಿಗೆ ಒಯ್ಯಲು ಅವರಿಗೆ ಮನಸ್ಸು ಬರಲಿಲ್ಲ.

*

ಎಂಬತ್ತೆಂಟರಲ್ಲಿ ಎಸ್ಟೇಟುಗಳ ನಡುವೆ ಫುಟ್ಬಾಲ್ ಕಪ್ ಪಂದ್ಯಾವಳಿ ನಡೆಯುತ್ತಿತ್ತು. ಹೊನ್ನೆಕಾಡು ಎಸ್ಟೇಟ್ ಮೊದಲ ಸಲ ಮೂಡಿಗೆರೆಯ ಫೈನಲ್ ಮುಟ್ಟಿತ್ತು. ಮುಟ್ಟಿಸಿದವನು ಲಾರಿ ಕ್ಲೀನರ್ ಮೊಯ್ದು, ಇಪ್ಪತ್ತೆರಡರವನು, ಬಲಬದಿಯ ಆಟಗಾರ. ತಂಡದ ಪಟ್ಟಿ ಬರೆಯುವ ಕೆಲಸ ರೈಟರು ಜವರಯ್ಯನದು. ಆಳುಗಳ ಹಾಜರಿ ಬರೆಯುವವರೂ ಅವರೇ. ಎಸ್ಟೇಟಿನಲ್ಲಿ ರೈಟರು ಬರೆದರೆ ಹಾಜರಿ, ಬರೆಯದಿದ್ದರೆ ದಿನವಿಡೀ ಮೈಮುರಿದವನೂ ಬಂದಿಲ್ಲ. ಅವರ ಮಾತು ನಿಜವೇ ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ.

ಫೈನಲಿಗೆ ಎರಡು ದಿನ ಮುಂಚೆ ಧಣಿಗಳ ಸೋದರಳಿಯ ರಜೆಗೆ ಬಂದಿಳಿದ. ಕಾಲೇಜು ತಂಡದಲ್ಲಿದ್ದನಂತೆ, ಬಲಬದಿಯಂತೆ. ಅವನಿಗೊಂದು ಜಾಗ ಮಾಡಿ ಎಂದು ಧಣಿಗಳು ಜಗುಲಿಯಿಂದಲೇ ಅಂದರು. ಜವರಯ್ಯ ಆಯ್ತು ಅಂದರು. ಮನೆಯಲ್ಲಿ ಆರು ತಿಂಗಳ ಮಗು, ಎಸ್ಟೇಟಿನ ಲೈನುಮನೆ ಬಿಟ್ಟರೆ ಬೇರೆ ಸೂರಿಲ್ಲ, ಇನ್ನೇನು ಅಂದಾರು? ಅಷ್ಟಕ್ಕೆ ನಿಂತಿದ್ದರೆ ಎಲ್ಲರ ಹಾಗೆ ಅವರದೂ ಒಂದು ಹೊಟ್ಟೆಪಾಡಿನ ಕತೆಯಾಗುತ್ತಿತ್ತು. ಆದರೆ ಮೊಯ್ದುವಿನ ಮುಖ ನೋಡಿ ನಿಜ ಹೇಳಲು ಅವರಿಗೆ ನಾಚಿಕೆಯಾಯಿತು. ಹಿಂದಿನ ಆಟದಲ್ಲಿ ಬಿದ್ದು ಅವನ ಬಲ ಮೊಣಕಾಲು ತರಚಿತ್ತು. ಅದನ್ನೇ ನೆಪವಾಗಿ ಹಿಡಿದುಕೊಂಡರು. ಒಳಗೆ ನೀರು ತುಂಬಿದೆ, ಓಡಿದರೆ ಜೀವನಪೂರ್ತಿ ಕುಂಟುತ್ತೀ, ಆಸ್ಪತ್ರೆಯ ಕಾಂಪೌಂಡರು ನನ್ನ ಹತ್ತಿರ ಹೇಳಿದ್ದಾರೆ ಎಂದರು.

ಹೊನ್ನೆಕಾಡು ಸೋತಿತು. ಧಣಿಗಳ ಸೋದರಳಿಯ ರಜೆ ಮುಗಿಸಿ ಹೋದ. ಒಂದು ವಾರ ಬಿಟ್ಟು ಹೇಳಿದರಾಯಿತು ಎಂದುಕೊಂಡಿದ್ದರು ಜವರಯ್ಯ. ಆದರೆ ರೈಟರ ಮಾತೆಂದು ನಂಬಿದ ಮೊಯ್ದು ಮತ್ತೆಂದೂ ಚೆಂಡಿಗೆ ಕಾಲು ತಾಗಿಸಲಿಲ್ಲ. ಕ್ಲೀನರ್ ಕೆಲಸ ಬಿಟ್ಟು ಕೂತು ಮಾಡುವ ಕೆಲಸ ಬೇಕೆಂದು ಟಯರ್ ಅಂಗಡಿ ಇಟ್ಟ.

*

ಮಸೀದಿಯ ಅಂಗಳದಲ್ಲಿ ಸಾಲು ನಿಂತಿತು. ಹಿಂದೂಗಳು ಗೋಡೆಯ ಪಕ್ಕಕ್ಕೆ ನಿಂತರು. ನಮಾಜಿಗೆ ಮೊದಲು ಮನೆಯವರು ನಾಲ್ಕು ಮಾತು ಹೇಳುವ ಕ್ರಮವುಂಟು. ಹೋಗುವವನು ಯಾರ ಮನಸ್ಸಿನ ನೋವನ್ನೂ ಹೊತ್ತು ಹೋಗಬಾರದು. ನಮಾಜು ನಡೆಸುವ ಉಸ್ತಾದರು ಸನ್ನೆ ಮಾಡಿದರು. ಅಸದ್ ಜನರತ್ತ ತಿರುಗಿದ.

"ನಮ್ಮ ಬಾಪ ಮಾತಲ್ಲಾಗ್ಲಿ, ಕೈಯಲ್ಲಾಗ್ಲಿ, ಯಾರಿಗಾದ್ರೂ ನೋವು ಮಾಡಿದ್ರೆ ಮಾಫ್ ಮಾಡ್ಬಿಡಿ."

ಮಾಡಿದ್ದೇವೆ, ಮಾಡಿದ್ದೇವೆ ಎಂಬ ಗುಜುಗುಜು ಸಾಲಿನಿಂದ ಸಾಲಿಗೆ ಹಬ್ಬಿತು. ಹನ್ನೊಂದು ವರ್ಷ ನನಗೆ ಫುಟ್ಬಾಲ್ ಗೊತ್ತಿಲ್ಲ ಅಂದಿದ್ದಾನೆ, ಹೋಗಲಿ, ಅದೂ ಮಾಫ್ ಎಂದು ಸುರೇಂದ್ರ ಕಣ್ಣೊರೆಸಿಕೊಂಡ. ಗೋಡೆಯ ಬಳಿ ಎಲ್ಲರೂ ತಲೆ ಆಡಿಸಿದರು. ಜವರಯ್ಯನ ತಲೆ ಆಡಲಿಲ್ಲ. ಮಾಫ್ ಮಾಡಿದ್ದೇನೆ ಎನ್ನುವ ಒಂದು ಪದ ಅವರ ಬಾಯಿಂದ ಹೊರಟರೆ ಮೂವತ್ತೇಳು ವರ್ಷದ ಸುಳ್ಳಿನ ಮೇಲೆ ಇನ್ನೊಂದು ಕೂರುತ್ತಿತ್ತು.

"ತಡೀರಿ," ಎಂದರು. ದನಿ ಅವರಿಗೇ ಗುರುತು ಸಿಗಲಿಲ್ಲ. "ನಾನು ಮಾಫ್ ಮಾಡೋಕೆ ಅವನು ನಂಗೇನೂ ಮಾಡಿಲ್ಲ. ಮಾಡಿದ್ದು ನಾನು. ಎಂಬತ್ತೆಂಟರಲ್ಲಿ ಅವನನ್ನ ಕೈಬಿಟ್ಟಿದ್ದು ಧಣಿಗಳ ಸೋದರಳಿಯನಿಗೋಸ್ಕರ. ಕಾಲಲ್ಲಿ ನೀರಿದೆ ಅಂದಿದ್ದು ಸುಳ್ಳು. ಕಾಂಪೌಂಡರು ಏನೂ ಹೇಳಿರ್ಲಿಲ್ಲ. ಅವನ ಕಾಲು ಸರಿ ಇತ್ತು. ಕೊನೇವರೆಗೂ ಸರಿ ಇತ್ತು."

ಉಸ್ತಾದರು ಹತ್ತಿರ ಬಂದು, ನಮ್ಮಲ್ಲಿ ಮಯ್ಯತ್ತಿನ ಪರವಾಗಿ ಮಾಫಿ ಕೇಳುತ್ತೇವೆ, ಮಯ್ಯತ್ತಿನಿಂದ ಕೇಳಿ ಪಡೆಯುವ ದಾರಿಯಿಲ್ಲ ರೈಟ್ರೇ, ಇನ್ನು ಅದು ಮನೆಯವರಿಗೆ ಬಿಟ್ಟದ್ದು ಎಂದು ಮೆಲ್ಲಗೆ ಹೇಳಿದರು. ಎಲ್ಲರೂ ಅಸದ್‌ನತ್ತ ನೋಡಿದರು. ಅವನು ಜವರಯ್ಯನನ್ನು ನೋಡಲಿಲ್ಲ.

"ನಮಾಜ್ ಮಾಡೋಣ," ಎಂದು ಸಾಲಿಗೆ ಸೇರಿಕೊಂಡ.

ಖಬರಸ್ತಾನದಲ್ಲಿ ಒಬ್ಬೊಬ್ಬರೇ ಮೂರು ಹಿಡಿ ಮಣ್ಣು ಹಾಕಿದರು. ಜವರಯ್ಯನನ್ನು ಯಾರೂ ಕರೆಯಲಿಲ್ಲ, ಯಾರೂ ತಡೆಯಲೂ ಇಲ್ಲ. ಎಲ್ಲರೂ ಮುಗಿಸಿದ ಮೇಲೆ ಅವರು ಕೊನೆಯವರಾಗಿ ಹೋಗಿ ಬಗ್ಗಿದರು. ಮೂರನೆಯ ಹಿಡಿಯಲ್ಲಿ ಅರ್ಧ ಮಣ್ಣು ಅವರ ಕಾಲ ಮೇಲೇ ಬಿತ್ತು. ತಪ್ಪಾಯ್ತು ಮಾರಾಯ ಎಂದು ಬಾಯೊಳಗೇ ಅಂದರು.

ಹಿಂದಿರುಗುವಾಗ ಎರಡು ಬದಿಗೂ ಕಾಫಿ ಗಿಡಗಳ ದಾರಿ. ಮುಂದೆ ಯೋಗೇಶ್ ಮತ್ತು ಸುರೇಂದ್ರ ವಾದ ಹಚ್ಚಿದ್ದರು, ಈ ಸಲ ಎಂಬತ್ತೆಂಟರದು. ಆ ಕಾಲದಲ್ಲಿ ಧಣಿ ಮಾತು ಮೀರಿ ಬದುಕುವುದು ಹೇಗೆ ಎಂದು ಸುರೇಂದ್ರ ಕೇಳಿದ. ಕೂರಿಸಲಿ, ಆದರೆ ಕಾರಣ ಹೇಳಬೇಕು, ಮೊಯ್ದು ಕಾಕ ಶನಿವಾರ ಅಂದದ್ದು ಅದನ್ನೇ ತಾನೆ ಎಂದು ಯೋಗೇಶ್ ತಿರುಗಿ ಒಮ್ಮೆ ನೋಡಿ, ಮುಂದೆ ನಡೆದುಬಿಟ್ಟ. ಜವರಯ್ಯ ಬೇಕೆಂದೇ ಹಿಂದೆ ಉಳಿದರು.

ತಿರುವಿನಲ್ಲಿ ಅಸದ್ ಒಬ್ಬನೇ ಕಾಯುತ್ತಿದ್ದ. ಕಣ್ಣು ಕೆಂಪಾಗಿತ್ತು.

"ದಿನಾ ಸಂಜೆ ಆ ಮೊಣಕಾಲಿಗೆ ನಾನೇ ಎಣ್ಣೆ ಹಚ್ತಿದ್ದೆ ಮಾಮ," ಎಂದ. "ಐದನೇ ಕ್ಲಾಸಿಂದ."

ಜವರಯ್ಯ ತಲೆ ತಗ್ಗಿಸಿ ನಿಂತರು. ಹೊಡೆದರೆ ಹೊಡೆಯಲಿ ಎಂದುಕೊಂಡರು.

"ಮಾಫ್ ಅಂತ ಬಾಯಲ್ಲಿ ಹೇಳೋಕೆ ಇವತ್ತು ನಂಗೆ ಬರ್ತಿಲ್ಲ. ಸುಳ್ಳು ಹೇಳಲ್ಲ." ಅಸದ್ ಬೇರೆಯದೇ ದನಿಯಲ್ಲಿ ಕೇಳಿದ. "ಬಾಪ ಓಡಿದ್ದನ್ನ ನಾನು ಒಂದಿನಾನೂ ನೋಡಿಲ್ಲ. ಅಮ್ಮಾನೂ ನೋಡಿಲ್ಲ. ಈಗ ನೋಡಿದವರು ಅಂತ ಉಳಿದಿರೋದು ನೀವೊಬ್ರೇ. ಹೇಗೆ ಆಡ್ತಿದ್ರು?"

ಜವರಯ್ಯ ಹೇಳಲು ಹೊರಟರು. ಬಹಳ ವೇಗ ಅಂದರು. ಚೆಂಡು ಕಾಲಿಗೆ ಅಂಟಿದ ಹಾಗೆ ಅಂದರು. ಎಲ್ಲ ಆಟಗಾರರಿಗೂ ಎಲ್ಲರೂ ಹೇಳುವ ಮಾತುಗಳೇ ಬಂದವು, ಯಾವುದೂ ಮೊಯ್ದುವಿನದಾಗಲಿಲ್ಲ. ಅವರಿಗೆ ತಮ್ಮ ಮೇಲೆ ಸಿಟ್ಟು ಬಂತು. ಹೆಗಲ ಮೇಲಿನ ಟವೆಲನ್ನು ಗಿಡದ ಮೇಲೆಸೆದರು, ಚಪ್ಪಲಿ ಬಿಟ್ಟರು, ಪಂಚೆ ಎತ್ತಿ ಕಟ್ಟಿದರು.

"ನೀನು ಎದುರಾಳಿ. ಅಲ್ಲಿ ನಿಲ್ಲು."

ಅಸದ್ ದಾರಿಗೆ ಅಡ್ಡ ನಿಂತ. ಅರವತ್ತೆಂಟರ ಮುದುಕ ಹತ್ತು ಹೆಜ್ಜೆ ಹಿಂದೆ ಸರಿದು, ಇಲ್ಲದ ಚೆಂಡನ್ನು ಒಮ್ಮೆ ನೋಡಿ, ಅಂಚಿಗೆ ತಾಗಿಕೊಂಡು ಓಡಿಬಂದರು. ಹತ್ತಿರ ಬಂದವರು ಥಟ್ಟನೆ ನಿಂತರು. ಉಸಿರು ಕಟ್ಟಿತೆಂದು ಅಸದ್ ಹೆದರಿ ಕೈ ಚಾಚಿದ. ಅವರ ಎಡ ಭುಜ ಒಳಕ್ಕೆ ಬಾಗಿತು, ಎಡಗಾಲು ಅತ್ತ ಒಂದು ಸುಳ್ಳು ಹೆಜ್ಜೆ ಇಟ್ಟಿತು, ಅಸದ್ ಪೂರ್ತಿ ಆ ಕಡೆಗೇ ವಾಲಿದ. ಅವನು ಸಾವರಿಸಿಕೊಳ್ಳುವಷ್ಟರಲ್ಲಿ ಬರಿಗಾಲಿನ ಸದ್ದು ಇನ್ನೊಂದು ಬದಿಯಿಂದ ದಾಟಿ ಬೆನ್ನ ಹಿಂದೆ ಹೋಗಿತ್ತು. ಚಾಚಿದ ಕೈ ಖಾಲಿ ಗಾಳಿಯಲ್ಲಿ ಹಾಗೇ ನಿಂತಿತ್ತು. ಅಸದ್ ಅದನ್ನು ಇಳಿಸದೆ, ತಿರುಗದೆ, ಅಳುತ್ತಲೇ ನಗತೊಡಗಿದ.