ಅರಿಶಿನದ ಮೂಲೆ

ಗುರುಪುರದ ಶಾಲೆಗೆ ಬೇಸಿಗೆ ರಜೆ. ಏಳನೇ ತರಗತಿಯ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ನೆಲಕ್ಕೆ ಟಾರ್ಪಾಲು ಹಾಸಿ, ಅದರ ಮೇಲೆ ಇನ್ನೂರ ನಲವತ್ತು ಹೊಸ ರಗ್ಗುಗಳನ್ನು ಪೇರಿಸಿಟ್ಟಿದ್ದರು. ನೇಪಾಳದಲ್ಲಿ ಭೂಮಿ ನಡುಗಿ ಅವತ್ತಿಗೆ ಐದು ದಿನ. ಮೈಸೂರಿನ ‘ನೆರಳು’ ಸಂಸ್ಥೆಯವರು ಸಾಮಾನು ತಂದಿಳಿಸಿ ಹೋಗಿದ್ದರು. ಮನೆಗೊಂದು ಚೀಲ, ಚೀಲದೊಳಗೆ ರಗ್ಗು, ಟಾರ್ಪಾಲು, ಹಗ್ಗ, ಸೋಪು, ನೀರಿಗೆ ಹಾಕುವ ಮಾತ್ರೆ. ಕಟ್ಟುವ ಕೆಲಸ ಊರಿನ ಹೆಂಗಸರದು. ಹೊಗೆಸೊಪ್ಪನ್ನು ಬಣ್ಣ ನೋಡಿ ಎಲೆ ಎಲೆಯಾಗಿ ವಿಂಗಡಿಸಿ ಬೇಲು ಕಟ್ಟಿದ ಕೈಗಳು ಅವು. ಅಷ್ಟು ಬೇಗ, ಅಷ್ಟು ಒಪ್ಪವಾಗಿ ಮಡಿಸಿ ಕಟ್ಟುವವರು ಸುತ್ತಮುತ್ತ ಇರಲಿಲ್ಲ.

ಊರಿನ ಕಡೆಯಿಂದ ಹೊಣೆ ಹೊತ್ತವಳು ಸುಕನ್ಯ. ಸಂಸ್ಥೆಯ ಕಾರ್ಯಕರ್ತೆಯಾಗಿ ಎಂಟು ತಿಂಗಳಾಗಿತ್ತು. ಅಜ್ಜಿ ಪುಟ್ಟಸಿದ್ದಮ್ಮನ ಮಡಿಲಲ್ಲಿ ಬೆಳೆದವಳು. ಭೂಕಂಪ ಎಂದರೆ ಅವಳ ಮನಸ್ಸಿಗೆ ಮೊದಲು ಬರುತ್ತಿದ್ದದ್ದು ಪಾಠದ ಪುಸ್ತಕವಲ್ಲ, ಅಜ್ಜಿಯ ಕತೆ. ಭೂಮ್ತಾಯಿ ಹೆತ್ತೂ ಹೆತ್ತೂ ಸೊಂಟ ಸೋತು ಮಲಗಿದ್ದಾಳೆ. ಮಕ್ಕಳು ಮೈಮೇಲೆ ಆಡುತ್ತಿದ್ದಾರೆಂದು ಒಂದೇ ಮಗ್ಗುಲಿಗೆ ಮಲಗಿರುತ್ತಾಳೆ. ಎಂದಾದರೊಂದು ದಿನ ನೋವು ತಡೆಯಲಾರದೆ ಹೊರಳಿಬಿಡುತ್ತಾಳೆ. ಹೊರಳಿದ ಮೇಲೆ ಎಚ್ಚರವಾಗಿ, ಯಾರು ಬಿದ್ದರೋ ಎಂದು ಕತ್ತಲಲ್ಲಿ ತಡಕಾಡುತ್ತಾಳೆ. ಆ ತಡಕಾಟವೇ ಮತ್ತೆ ಮತ್ತೆ ಬರುವ ಸಣ್ಣ ನಡುಕ. ಚಿಕ್ಕಂದಿನಲ್ಲಿ ಇದನ್ನು ಕೇಳಿ ಸುಕನ್ಯ ನೆಲದ ಮೇಲೆ ಮೆಲ್ಲಗೆ ಕಾಲಿಟ್ಟು ನಡೆಯುತ್ತಿದ್ದಳಂತೆ.

ಈಗ ಅವಳ ಕೈಯಲ್ಲಿ ಸಂಸ್ಥೆಯ ಸೂಚನೆಗಳ ಹಾಳೆಯಿತ್ತು. ಮೊದಲನೆಯ ಸೂಚನೆಯೇ ಹಳೇ ಬಟ್ಟೆ ತೆಗೆದುಕೊಳ್ಳಬಾರದು ಎಂದು. ನೇಪಾಳಕ್ಕೆ ಹೊರಡುವ ಮುಂಚೆ ಸಂಸ್ಥೆಯ ನರ್ಸ್ ರೂಪಶ್ರೀ ಇದನ್ನು ಬಿಡಿಸಿ ಹೇಳಿದ್ದಳು. ಹಿಂದೊಂದು ಕಡೆ ಲಾರಿಗಟ್ಟಲೆ ಹಳೇ ಬಟ್ಟೆ ಬಂದು, ರಸ್ತೆಯಲ್ಲೇ ರಾಶಿ ಬಿದ್ದು ಕೊಳೆತು, ನೀರಿನ ಟ್ಯಾಂಕರಿಗೂ ದಾರಿ ಇಲ್ಲದಂತಾಗಿತ್ತಂತೆ. “ಕಲೆಯಾಗಿರೋ ಬಟ್ಟೆ ಕೊಟ್ರೆ ತಿರುಗಿಸಿ ಎಸೆದವರೂ ಇದ್ದಾರೆ ಸುಕನ್ಯ. ಅವರು ಮನೆ ಕಳ್ಕೊಂಡಿರ್ತಾರೆ ಅಷ್ಟೇ, ಮಾನ ಅಲ್ಲ” ಎಂದಿದ್ದಳು.

ಹಾಗಾಗಿ ಬೆಳಿಗ್ಗೆ ನೆರೆಮನೆಯ ಚಿಕ್ಕಬೀರಮ್ಮ ಒಗೆದು ಮಡಿಸಿ ತಂದ ಎರಡು ಸೀರೆಯನ್ನು ಸುಕನ್ಯ ವಾಪಸು ಕೊಡಬೇಕಾಯಿತು.

“ನಮ್ ಸೀರೆ ಉಟ್ರೆ ಅವ್ರಿಗೆ ಕಜ್ಜಿ ಆದದಾ?”

“ಅಂಗಲ್ಲ ಚಿಕ್ಕವ್ವ, ಹೊಸದು ಮಾತ್ರ ಅಂತ ರೂಲ್ಸು.”

“ರೂಲ್ಸು! ಮೂಗು ಸುರಿಸ್ಕಂಡು ನನ್ ಸೆರಗ್ನಲ್ಲೇ ಒರೆಸ್ಕತ್ತಿದ್ದೋಳು, ಈಗ ರೂಲ್ಸ್ ಹೇಳ್ತಾಳೆ ಕಣ್ರವ್ವ” ಎಂದು ಚಿಕ್ಕಬೀರಮ್ಮ ಎಲ್ಲರನ್ನೂ ನಗಿಸಿ, ಸೀರೆಯನ್ನು ಕಿಟಕಿಯ ಮೇಲಿಟ್ಟು ಕಟ್ಟಲು ಕೂತಳು.

ಹಗ್ಗ ಸಾಲಲಿಲ್ಲ. ಸುಕನ್ಯ ಬಸ್ಸು ಹತ್ತಿ ಹುಣಸೂರಿಗೆ ಹೋಗಿ, ಎರಡು ಕಟ್ಟು ಹಗ್ಗ ಹೊತ್ತುಕೊಂಡು ಬರುವಷ್ಟರಲ್ಲಿ ಹನ್ನೆರಡು ಗಂಟೆ ದಾಟಿತ್ತು. ಬಾಗಿಲಲ್ಲೇ ಅವಳ ಕಾಲು ನಿಂತುಹೋಯಿತು.

ಕೋಣೆಯ ನಡುವೆ ಅಜ್ಜಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುಂದೆ ಹಿತ್ತಾಳೆ ಬಟ್ಟಲಿನಲ್ಲಿ ಕಲಸಿದ ಅರಿಶಿನ. ಒಬ್ಬಳು ರಗ್ಗು ಕೊಡುವುದು, ಅಜ್ಜಿ ಮೂಲೆ ಹುಡುಕಿ ಹೆಬ್ಬೆರಳಿನಿಂದ ಒತ್ತುವುದು, ಇನ್ನೊಬ್ಬಳು ಮಡಿಸುವುದು. ಬೂದುಬಣ್ಣದ ರಗ್ಗುಗಳ ಸಾಲಿನಲ್ಲಿ ಹಳದಿ ಮೂಲೆಗಳು ಒಂದರ ಮೇಲೊಂದು ಕಾಣುತ್ತಿದ್ದವು.

“ಅಜ್ಜೀ! ಏನಿದು?”

“ಏನು ಅಂದ್ರೆ? ಹೊಸ ಬಟ್ಟೆ ಕಣ್ ಮಗಾ.”

“ಯಾರ್ ಹೇಳಿದ್ರು ನಿಂಗೆ?”

“ಇದ್ನ ಯಾರಾದ್ರೂ ಹೇಳ್ಬೇಕಾ?” ಅಜ್ಜಿ ತಲೆ ಎತ್ತಲಿಲ್ಲ, ಬೆರಳೂ ನಿಲ್ಲಲಿಲ್ಲ. “ಅರಿಶ್ನ ಮುಟ್ಟಿಸ್ದೆ ಹೊಸ ಬಟ್ಟೆ ಹೊದಿಸೋದು ಯಾರಿಗೆ ಹೇಳು. ಹೆಣಕ್ಕೆ. ಅಲ್ಲಿ ಬದುಕಿ ಉಳ್ದವ್ರೆ, ಚಳೀಲಿ ಕುಂತವ್ರೆ. ಅವ್ರಿಗೆ ಅಂಗೇ ಬೋಳು ರಗ್ಗು ಕಳಿಸಾಕಾಯ್ತದಾ? ನಮ್ ಊರಿಂದ ಹೋಗೋದು.”

ಸುಕನ್ಯ ಆ ಹೆಬ್ಬೆರಳನ್ನೇ ನೋಡಿದಳು. ಪ್ರತಿ ಯುಗಾದಿಗೂ ತನ್ನ ಹೊಸ ಲಂಗದ ಅಂಚಿಗೆ ಒತ್ತಿದ ಹೆಬ್ಬೆರಳು ಅದೇ. ಆದರೆ ಹಾಳೆಯಲ್ಲಿ ಬರೆದಿತ್ತು: ಕಲೆಯಾದ, ಬಳಸಿದ ವಸ್ತು ಇರಕೂಡದು. ಅವಳು ಬಗ್ಗಿ ಬಟ್ಟಲನ್ನು ಎತ್ತಿಟ್ಟುಬಿಟ್ಟಳು. ಎಣಿಸಿದಾಗ ನೂರ ಎಂಬತ್ತಕ್ಕೆ ಅರಿಶಿನ ತಾಗಿತ್ತು. ಉಳಿದ ಅರವತ್ತು ಬೋಳಾಗಿದ್ದವು.

“ಅರವತ್ ಮನೆಯೋರ್ ಏನ್ ಪಾಪ ಮಾಡಿದ್ರು?” ಎಂದಳು ಅಜ್ಜಿ. ಸುಕನ್ಯ ಹಗ್ಗದ ಕಟ್ಟು ಬಿಚ್ಚಿದಳು.

ಎರಡು ಗಂಟೆಗೆ ಲಾರಿ ಬಂತು. ಜೊತೆಗೆ ಬಂದ ಯತೀಶ್ ಸಂಸ್ಥೆಯ ಗೋದಾಮು ನೋಡಿಕೊಳ್ಳುವವನು. ಅವನು ಒಪ್ಪಿ ರುಜು ಹಾಕದೆ ಒಂದು ಚೀಲವೂ ಲಾರಿ ಹತ್ತುವಂತಿಲ್ಲ. ಮೂರನೆಯ ಚೀಲ ಬಿಚ್ಚಿದವನೇ ರಗ್ಗಿನ ಮೂಲೆ ಹಿಡಿದು ಬೆಳಕಿಗೆ ಎತ್ತಿದ.

“ಏನ್ರೀ ಸುಕನ್ಯ ಇದು?”

“ಅರಿಶಿನ ಸರ್, ನೂರ ಎಂಬತ್ತಕ್ಕೆ ತಾಗಿದೆ. ನಮ್ಮಲ್ಲಿ ಹೊಸ ಬಟ್ಟೆಗೆ ಹಚ್ಚೋದು...”

“ನನಗೆ ಗೊತ್ತಿಲ್ವೇನ್ರೀ? ನಮ್ಮನೇಲೂ ಹಚ್ತಾರೆ. ಆದ್ರೆ ಅಲ್ಲಿ ಬಿಚ್ಚಿ ನೋಡೋರಿಗೆ ಇದು ಏನಾಗಿ ಕಾಣತ್ತೆ? ಎಲ್ಲ ಹೋಗಿ ಬೀದೀಲಿ ಕೂತಿರೋ ಮನುಷ್ಯನ ಕೈಗೆ ಕಲೆಯಾಗಿರೋ ರಗ್ಗು ಕೊಟ್ಟು, ಇದು ಶಾಸ್ತ್ರ ಕಣಪ್ಪ ಅನ್ನೋಕೆ ಯಾರಿರ್ತಾರೆ?” ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವಿತ್ತು, ನಾಲ್ಕು ದಿನದಿಂದ ಸರಿಯಾಗಿ ಮಲಗಿರಲಿಲ್ಲವೇನೋ. “ಬೋಳಾಗಿರೋದು ಅರವತ್ತು ತಗೊಂಡು ಹೋಗ್ತೀನಿ. ಮಿಕ್ಕಿದ್ದು ಇಲ್ಲೇ ಇರಲಿ.”

“ತೊಳದ್ ಕೊಡ್ತೀವಿ ಸ್ವಾಮಿ” ಎಂದಳು ಚಿಕ್ಕಬೀರಮ್ಮ.

“ಯಾವಾಗ ಒಣಗತ್ತಮ್ಮ? ರಾತ್ರಿ ಬೆಂಗಳೂರಿಂದ ಹೊರಡೋ ಗಾಡಿಗೆ ಸೇರಿಸ್ಬೇಕು. ಮುಂದಿನ ಗಾಡಿ ಇನ್ನೆಂಟು ದಿನಕ್ಕೆ.”

ಎಂಟು ದಿನ. ಅಲ್ಲಿ ಮಳೆ ಹಿಡಿದಿದೆ, ಜನ ಗೋಡೆ ಬಿರಿದ ಮನೆಯೊಳಗೆ ಹೋಗಲು ಹೆದರಿ ಬಯಲಲ್ಲೇ ಮಲಗುತ್ತಿದ್ದಾರೆ ಎಂದು ರೂಪಶ್ರೀ ಬೆಳಿಗ್ಗೆಯಷ್ಟೇ ಮೆಸೇಜು ಕಳಿಸಿದ್ದಳು. ಸುಕನ್ಯ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಹಳದಿ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ತಪ್ಪು ಮಾಡಿದ ಮಗುವಿನ ಹಾಗೆ. ಆ ಮುಖವನ್ನು ಸುಕನ್ಯ ಹಿಂದೆಂದೂ ಕಂಡಿರಲಿಲ್ಲ.

“ಸರ್, ಹೇಳೋಕೆ ಯಾರೂ ಇಲ್ಲ ಅಂದ್ರಲ್ಲ. ನಾನು ಬರೆದು ಇಡ್ತೀನಿ. ಹಿಂದೀಲಿ. ಅಲ್ಲಿನೋರೂ ಅದೇ ಅಕ್ಷರ ಓದ್ತಾರೆ.”

“ನೂರ ಎಂಬತ್ತು ಚೀಟಿ?”

“ಒಂದ್ ಗಂಟೆ ಕೊಡಿ ಸರ್.”

ಯತೀಶ್ ಗಡಿಯಾರ ನೋಡಿಕೊಂಡ. “ಮುಕ್ಕಾಲು. ಆಮೇಲೆ ಸಾಮಾನಿನ ಪಟ್ಟಿ ಮೇಲೆ ನೀವೇ ಬರೆದು ರುಜು ಹಾಕಿ. ಒಬ್ಬರಾದ್ರೂ ನೊಂದ್ಕೊಂಡು ವಾಪಸ್ ಕೊಟ್ರೆ ಅದು ನಿಮ್ಮ ಹೆಸರಿಗೆ. ಮುಂದೆ ಗುರುಪುರಕ್ಕೆ ಈ ಕೆಲಸ ಬರಲ್ಲ.”

ಶಾಲೆಯ ಹಳೇ ನೋಟು ಪುಸ್ತಕದ ಹಾಳೆಗಳನ್ನು ಹರಿದರು. ಹಿಂದಿ ಬರುತ್ತಿದ್ದ ಮೂವರು ಹುಡುಗಿಯರೊಡನೆ ಸುಕನ್ಯ ನೆಲದ ಮೇಲೆ ಕವುಚಿ ಬರೆದಳು. ಇದು ಹೊಸದು. ಹಳದಿ ಬಣ್ಣ ಅರಿಶಿನ. ನೀವು ಚೆನ್ನಾಗಿ ಬಾಳಬೇಕೆಂದು ನಮ್ಮ ಹಿರಿಯರು ಹಚ್ಚಿದ್ದಾರೆ. ಬರೆದದ್ದನ್ನು ಚಿಕ್ಕಬೀರಮ್ಮ ಒಂದೊಂದಾಗಿ ರಗ್ಗಿನ ಮಡಿಕೆಗೆ ಸೇರಿಸಿದಳು. ಪಟ್ಟಿಯ ಕೆಳಗೆ ‘ಕಲೆಯಲ್ಲ, ಅರಿಶಿನ’ ಎಂದು ಬರೆದು ಸುಕನ್ಯ ಹೆಸರು ಹಾಕಿದಳು. ಲಾರಿ ಹೊರಟಿತು.

ಲಾರಿ ಹೋದ ಹನ್ನೆರಡನೆಯ ದಿನ ಮಧ್ಯಾಹ್ನ ರೂಪಶ್ರೀಯ ಫೋನು ಬಂತು. ಸುಕನ್ಯ ಅಂಗಳದಲ್ಲಿದ್ದಳು, ಅಜ್ಜಿ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ನಿಮ್ಮ ಚೀಲ ತಲುಪಿತು ಸುಕನ್ಯ. ಹಂಚಿದ್ದೂ ಆಯ್ತು. ಯಾರೂ ವಾಪಸ್ ಕೊಡ್ಲಿಲ್ಲ.”

“ಚೀಟಿ ಓದಿದ್ರಾ ಅಕ್ಕ?”

“ದಾರೀಲಿ ನೆಂದು ಎಷ್ಟೋ ಚೀಟಿ ಮುದ್ದೆಯಾಗಿದ್ವು. ಒಬ್ಬ ಮುದುಕ ಮೂಲೆ ಮೂಸಿ ನೋಡಿ ಅರಿಶಿನ ಅಂದ, ಹೆಗಲಿಗೆ ಹಾಕ್ಕೊಂಡು ಹೋದ. ಇನ್ಯಾರೂ ಕೇಳ್ಲಿಲ್ಲ. ಒಂದು ಹೇಳ್ಬೇಕು. ಮೇಲಿನ ಹಳ್ಳೀಲಿ ಮಣ್ಣು ತೆಗೀತಾ ಇದ್ದಾಗ ಒಂದು ಮಗು ಸಿಕ್ತು. ಹೆಣ್ಣು ಮಗು, ಜೀವ ಇರಲಿಲ್ಲ. ಅವರಮ್ಮ ಅವತ್ತೇ ತಗೊಂಡಿದ್ದ ರಗ್ಗಿನಲ್ಲಿ ಅದನ್ನ ಸುತ್ತಿದಳು. ಬಿಳಿ ಬಟ್ಟೆ ಇದೆ, ಇದು ನಿಂಗೆ ಅಂತ ಹೇಳಿದೆ. ಕೇಳ್ಲಿಲ್ಲ. ಅರಿಶಿನದ್ದು ಅದು. ನಿಮ್ಮಜ್ಜಿ ಹಚ್ಚಿದ್ದು.”

ಫೋನಿಟ್ಟು ಸುಕನ್ಯ ಜಗಲಿಯ ಹತ್ತಿರ ಬಂದಳು. ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. ಸುಳ್ಳು ಹೇಳಬಹುದಿತ್ತು. ಆದರೆ ಅಜ್ಜಿ ಯಾವ ಕತೆಯನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಸುಕನ್ಯ ಹೇಳಿದಳು, ಎಲ್ಲವನ್ನೂ.

ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಆ ತಾಯಿಗೆ ಇನ್ನೊಂದು ಕೊಟ್ರಾ?”

“ಕೊಟ್ರಂತೆ.”

“ಅದ್ಕೆ ಅರಿಶ್ನ ಇತ್ತಾ ಮಗಾ?”

ಅದು ಬೋಳಾಗಿ ಉಳಿದ ಅರವತ್ತರಲ್ಲಿ ಒಂದಾಗಿದ್ದರೆ? ಬಟ್ಟಲು ಎತ್ತಿಟ್ಟ ಕೈ ತನ್ನದೇ. “ಗೊತ್ತಿಲ್ಲ ಅಜ್ಜಿ” ಎಂದಳು.

ಅಜ್ಜಿ ಬೈಯಲಿಲ್ಲ. “ಮಗೀಗೆ ಹೊದ್ಸಿದ್ದು ಹೋಗ್ಲಿ ಬುಡು. ಬದುಕವ್ಳೆ ಅನ್ಕಂಡೇ ಸುತ್ತವ್ಳೆ ಪಾಪ” ಎಂದಷ್ಟೇ ಹೇಳಿ, ಹುಣಸೆಹಣ್ಣಿನ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮರುವಾರ ಎರಡನೆಯ ಸಲದ ರಗ್ಗುಗಳು ಶಾಲೆಗೆ ಬಂದವು, ಮುನ್ನೂರು. ಸುಕನ್ಯ ಮೊದಲು ಯತೀಶನಿಗೆ ಫೋನು ಮಾಡಿದಳು.

“ಸರ್, ಈ ಸಲ ಅರಿಶಿನ ಹಚ್ಚಿಯೇ ಕಳಿಸ್ತೀವಿ. ಕೇಳ್ದೆ ಮಾಡಬಾರದು ಅಂತ ಕೇಳ್ತಾ ಇದ್ದೀನಿ.”

ಆ ಕಡೆಯಿಂದ ಗೋದಾಮಿನ ಗದ್ದಲ ಕೇಳುತ್ತಿತ್ತು. ಯಾರನ್ನೋ ಗದರಿ, ಮತ್ತೆ ಫೋನಿಗೆ ಬಂದು ಯತೀಶ್ ಹೇಳಿದ: “ಒಳ ಮಡಿಕೇಲಿ ಹಚ್ಚಿ. ಸಣ್ಣದಾಗಿ. ಹೊದ್ಕೊಂಡೋರಿಗೆ ಮಾತ್ರ ಕಾಣೋ ಹಾಗೆ. ಪಟ್ಟೀಲಿ ಬರೀರಿ, ನಾನೂ ರುಜು ಹಾಕ್ತೀನಿ.”

ಸುಕನ್ಯ ಹಿತ್ತಾಳೆ ಬಟ್ಟಲು ತೊಳೆದು, ಅರಿಶಿನ ಕಲಸಿ ಅಜ್ಜಿಯ ಮುಂದಿಟ್ಟಳು. ತಾನೂ ಪಕ್ಕದಲ್ಲಿ ಕೂತಳು. ಚಿಕ್ಕಬೀರಮ್ಮ ಮೊದಲ ರಗ್ಗು ಬಿಡಿಸಿ ಮೂಲೆ ಮುಂದೆ ಹಿಡಿದಳು.

“ಎಣಿಸ್ಕೊಂಡ್ ಹಚ್ರವ್ವ” ಎಂದಳು ಅಜ್ಜಿ. “ಒಂದೂ ಬಿಡಬ್ಯಾಡಿ.”