ಹದಿನಾಲ್ಕನೇ ನಂಬರಿನ ಅಂಗಿ

ಏಳನೇ ನಂಬರಿನ ಅಂಗಿಯ ಕಾಲರನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜುತ್ತಿದ್ದಾಗ ಕರೆಗಂಟೆ ಹೊಡೆಯಿತು. ಮೊಣಕೈವರೆಗೂ ಸೋಪಿನ ನೊರೆ. ಸ್ನಾನದ ತೊಟ್ಟಿಯ ತುಂಬ ಅರಕಾವಾ ನದಿ ದಂಡೆಯ ಮಣ್ಣು ಬಿಟ್ಟುಕೊಂಡ ಕಂದು ನೀರು, ಅದರೊಳಗೆ ಹದಿನೇಳು ಅಂಗಿ. ಹಾಗೇ ಮೆಷಿನ್ನಿಗೆ ಹಾಕಿದರೆ ಮಣ್ಣು ಹೋಗುವುದಿಲ್ಲ, ಮೆಷಿನ್ ಹೋಗುತ್ತದೆ. ನಾಲ್ಕು ವರ್ಷದಿಂದ ಪ್ರತಿ ಪಂದ್ಯದ ಮಾರನೆಯ ದಿನ ನನಗೆ ಇದೇ ಕೆಲಸ. ಯಾರೂ ಹೇರಿದ್ದಲ್ಲ, ನಾನೇ ಕೇಳಿ ತೆಗೆದುಕೊಂಡಿದ್ದು.

ಕೈ ಒರೆಸಿಕೊಂಡು ಬಾಗಿಲು ತೆರೆದರೆ ಪಕ್ಕದ ಮನೆಯ ನಕಾನೋ-ಸಾನ್. ಅವರ ಮಗಳು ಮಿಓ ನಮ್ಮ ತಂಡದಲ್ಲೇ ಆಡುತ್ತಾಳೆ. ಎರಡೂ ಕೈಯಲ್ಲಿ ಹಲಗೆ ಹಿಡಿದು ಬಗ್ಗಿ ನಮಸ್ಕರಿಸಿ, "ಕೊನೆಯ ಮನೆ ನಿಮ್ಮದೇ, ವೇದಾ-ಸಾನ್" ಎಂದು ಜಪಾನಿಯಲ್ಲಿ ಹೇಳಿ ಕೊಟ್ಟರು. ಈ ಹಲಗೆಗೆ ಇಲ್ಲಿ ಕೈರಾನ್‌ಬಾನ್ ಎನ್ನುತ್ತಾರೆ. ಮನೆಯಿಂದ ಮನೆಗೆ ಸುತ್ತುವ ಸುತ್ತೋಲೆ. ಯಾವ ವಾರ ಯಾರು ಬಾರ್ಲಿ ಚಹಾ ತರಬೇಕು, ಬಸ್ಸು ಎಷ್ಟು ಗಂಟೆಗೆ ಎಂಬ ಕಾಗದಗಳನ್ನು ಅದಕ್ಕೆ ಸಿಕ್ಕಿಸಿರುತ್ತಾರೆ. ಪ್ರತಿ ಮನೆಯವರೂ ತಮ್ಮ ಹೆಸರಿನ ಚೌಕದಲ್ಲಿ ಪುಟ್ಟ ಕೆಂಪು ಮೊಹರು ಒತ್ತಿ ಮುಂದಿನ ಮನೆಗೆ ದಾಟಿಸುತ್ತಾರೆ. ನಮ್ಮ ತಂಡದ ಹನ್ನೆರಡು ಮನೆಗಳು ಎಡೋಗಾವಾದ ಈ ಒಂದೇ ವಸತಿ ಸಮುಚ್ಚಯದಲ್ಲಿವೆ. ಅರ್ಧ ಭಾರತದವರು, ಅರ್ಧ ಇಲ್ಲಿನವರು.

ಬಾರ್ಲಿ ಚಹಾದ ಕಾಗದದ ಕೆಳಗೆ ಇನ್ನೊಂದು ಕಾಗದ ಇತ್ತು. ಅಕ್ಷರ ನನ್ನ ಸೊಸೆ ಹರ್ಷಿಣಿಯದು. ನಿಂತಲ್ಲೇ ಓದಿದೆ.

"ಹೊಸ ಕೋಚ್ ಒಗಾತಾ ಅವರ ಆಯ್ಕೆಗಳು ಸರಿಯಿಲ್ಲ. ಅವರನ್ನು ಬದಲಿಸಬೇಕು."

ಕೆಳಗೆ ಹನ್ನೆರಡು ಚೌಕ. ಹನ್ನೊಂದರಲ್ಲಿ ಮೊಹರು ಬಿದ್ದಿತ್ತು. ಖಾಲಿ ಇದ್ದದ್ದು ನಮ್ಮದೊಂದೇ.

ನಮ್ಮವರು ಆಡುವುದು ರಗ್ಬಿ ಲೀಗ್. ಹದಿನೈದು ಜನರದಲ್ಲ, ಹದಿಮೂರು ಜನರ ಆಟ. ಚೆಂಡು ಹಿಡಿದು ಓಡುವವಳನ್ನು ಎದುರಿನವರು ತಬ್ಬಿ ಕೆಡವುತ್ತಾರೆ. ಎದ್ದು ಮತ್ತೆ ಓಡಬಹುದು. ಆದರೆ ಆರನೇ ಸಲ ಬಿದ್ದರೆ ಚೆಂಡು ಎದುರಿನವರ ಪಾಲು. ನನ್ನ ಕಣ್ಣಿಗೆ ಅದು ಕಬಡ್ಡಿಯ ದೊಡ್ಡಮ್ಮನ ಮಗಳು. ಒಂದರಿಂದ ಹದಿಮೂರರವರೆಗಿನ ಅಂಗಿ ಮೊದಲಿಂದ ಆಡುವವರದು. ಹದಿನಾಲ್ಕರಿಂದ ಹದಿನೇಳು ಬೆಂಚಿನವರದು.

ಹಳೆಯ ಕೋಚ್ ಕೋಬೆಗೆ ಹೋದ ಮೇಲೆ ಕ್ಲಬ್ಬಿನ ಸಮಿತಿಯವರು ಒಗಾತಾ-ಸಾನ್ ಅವರನ್ನು ಮೂರು ಪಂದ್ಯಗಳ ಪರೀಕ್ಷೆಯ ಮೇಲೆ ತೆಗೆದುಕೊಂಡಿದ್ದರು. ಐವತ್ತು ದಾಟಿದ ಹೆಂಗಸು. ಬೆಳಗ್ಗೆ ಶಾಲೆಗಳಿಗೆ ಹಾಲಿನ ಕ್ರೇಟು ಹಂಚುವ ವ್ಯಾನು ಓಡಿಸುತ್ತಾರೆ. ಮೇ ತಿಂಗಳ ಕೊನೆಯೊಳಗೆ ಮನೆಗಳ ಅಭಿಪ್ರಾಯ ಕಾಗದದ ಮೇಲೆ, ಮೊಹರಿನ ಸಮೇತ ಅಂಚೆಗೆ ಬೀಳಬೇಕು. ಬೇಡ ಎಂದರೆ ಅವರು ಹೋಗಬೇಕು.

ಅವರು ಬಂದ ದಿನವೇ ಮಾಡಿದ್ದು ಎರಡು ಕೆಲಸ. ತಂಡದಲ್ಲೇ ಜೋರಾಗಿ ಓಡುವ ಹರ್ಷಿಣಿಯ ಎಂಟನೇ ಅಂಗಿ ಬಿಡಿಸಿ ಹದಿನಾಲ್ಕು ಕೊಟ್ಟರು. ಚೆಂಡು ಬಂದರೆ ಕಣ್ಣು ಮುಚ್ಚುವ ಕೃಪಾಗೆ ಒಂದನೇ ನಂಬರ್ ಕೊಟ್ಟು ಎಲ್ಲರ ಹಿಂದೆ, ಕೊನೆಯ ಕಾವಲಿಗೆ ನಿಲ್ಲಿಸಿದರು. ಮೊದಲ ಪಂದ್ಯ ನಲವತ್ತು–ನಾಲ್ಕರಲ್ಲಿ ಸೋತೆವು. ನಿನ್ನೆಯದು ಇಪ್ಪತ್ತನಾಲ್ಕು–ಎಂಟು.

ತೊಟ್ಟಿಗೆ ಮರಳಿ ಹದಿನಾಲ್ಕನೇ ಅಂಗಿ ಎತ್ತಿ ನೋಡಿದೆ. ಒಂದು ಕಲೆ ಇರಲಿಲ್ಲ. ನಿನ್ನೆ ಕೊನೆಯ ಐದು ನಿಮಿಷಕ್ಕೆ ಕರೆದಿದ್ದರು. ಪಾಪ, ಚೆಂಡೇ ಮುಟ್ಟಲಿಲ್ಲ ಹುಡುಗಿ.

ಮಧ್ಯಾಹ್ನ ಹರ್ಷಿಣಿ ತರಕಾರಿ ಚೀಲದ ಜೊತೆ ಬಂದವಳು ಮೊದಲು ನೋಡಿದ್ದೇ ಹಲಗೆಯನ್ನು.

"ಬಂತಾ! ಅತ್ತೆ, ಹನ್ನೊಂದು ಮನೆ ಒಪ್ಪಿದೆ ನೋಡಿ! ಜಪಾನೀಸ್ ಫ್ಯಾಮಿಲಿಗಳೂ ಒಪ್ಪಿದಾರೆ. ನಾನೊಬ್ಳೇ ಹೊಟ್ಟೆ ಉರ್ಕೊಂಡು ಬರ್ದಿದ್ದಲ್ಲ ಅಂತ ಈಗಾದ್ರೂ ನಂಬ್ತೀರಾ?"

"ನಂಬಲ್ಲ ಅಂತ ನಾನೆಲ್ಲಿ ಅಂದೆ?"

"ನಿಮ್ಮ ಮುಖ ಅಂತಿದೆ. ನಿಮ್ಮ ಮೊಹರು ಒತ್ತಿ ಇವತ್ತೇ ಪೋಸ್ಟ್ ಮಾಡ್ಬಿಡಿ. ಕವರ್ ಮೇಲೆ ಅಡ್ರೆಸ್ ನಾನೇ ಬರ್ದಿದೀನಿ."

"ಅಂಚೆ ಚೀಟಿ ಇಲ್ಲಮ್ಮ."

"ಕೆಳಗಿನ ಕೊಂಬಿನಿ ಅಂಗಡೀಲಿ ಸಿಗುತ್ತಲ್ಲ ಅತ್ತೆ!"

"ತರೋಣ, ತರೋಣ. ಇನ್ನೂ ಒಂದು ಪಂದ್ಯ ಇದೆಯಲ್ಲ."

ಕಾಗದವನ್ನು ಕವರಿನ ಸಮೇತ ಫ್ರಿಜ್ಜಿನ ಮೇಲೆ, ಪುಳಿಯೋಗರೆ ಗೊಜ್ಜಿನ ಡಬ್ಬಿಯ ಕೆಳಗೆ ಇಟ್ಟೆ. ಅವಳು ನನ್ನನ್ನೂ ಡಬ್ಬಿಯನ್ನೂ ಒಂದೇ ಥರ ನೋಡಿ ಒಳಗೆ ಹೋದಳು.

ನನ್ನ ಮೊಹರಿನ ವಿಷಯ ಹೇಳಬೇಕು. ನಲವತ್ತು ವಯಸ್ಸಿನವರೆಗೆ ನಾನು ಹೆಬ್ಬೆಟ್ಟಿನವಳು. ತಿಪಟೂರಿನಲ್ಲಿ ಎಲ್ಲಿ ಒತ್ತು ಎಂದರೆ ಅಲ್ಲಿ ಒತ್ತಿ, ಬೆರಳಿನ ಮಸಿ ಸೆರಗಿಗೆ ಒರೆಸಿಕೊಂಡು ಬರುತ್ತಿದ್ದೆ. ಏನಕ್ಕೆ ಒತ್ತಿದೆ ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಆಮೇಲೆ ರಾತ್ರಿ ಶಾಲೆಗೆ ಸೇರಿದೆ. ನನ್ನ ಹೆಸರು ಬರೆಯುವುದಕ್ಕೆ ಐದು ತಿಂಗಳು ಹಿಡಿಯಿತು. ವೇದವಲ್ಲಿ ಎಂಬ ಹೆಸರಿಟ್ಟ ಅಪ್ಪನ ಮೇಲೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಪಾಸಣೆಗೆ ಬಂದವರು, "ಈಯಮ್ಮನ್ನ ಬಿಡಿ ಮೇಷ್ಟ್ರೇ, ಆಗಲ್ಲ" ಅಂದರು. ಮೇಷ್ಟ್ರು, "ಇನ್ನೊಂದು ತಿಂಗಳು ನೋಡಣ ಸ್ವಾಮಿ" ಅಂದರು. ಆ ಒಂದು ತಿಂಗಳಲ್ಲಿ ಬಂತು. ಅರವತ್ತಮೂರಕ್ಕೆ ಮಗ ಜಯಂತನ ಜೊತೆ ಇಲ್ಲಿಗೆ ಬಂದು, ಇಲ್ಲಿಯೂ ರಾತ್ರಿ ಶಾಲೆಯಲ್ಲೇ ಜಪಾನಿ ಕಲಿತೆ. ಮುಗಿಸಿದ ದಿನ ಜಯಂತ ನನ್ನ ಹೆಸರಿನ ಮೊಹರು ಕೆತ್ತಿಸಿಕೊಟ್ಟ. ಕಾಗದ ಓದದೆ, ಒಪ್ಪದೆ ಅದನ್ನು ಎಲ್ಲಿಯೂ ಒತ್ತಿಲ್ಲ.

ಗುರುವಾರ ಸಂಜೆ ಮಡಚಿದ ಅಂಗಿಗಳನ್ನು ಕೊಡಲು ನದಿ ದಂಡೆಗೆ ಹೋದೆ. ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ. ಒಗಾತಾ-ಸಾನ್ ಒಬ್ಬರೇ ಗೂಟಗಳನ್ನು ನೆಡುತ್ತಿದ್ದರು. ಅಂಗಿಗಳನ್ನು ಎರಡೂ ಕೈಯಿಂದ ತೆಗೆದುಕೊಂಡು, ಹೋದ ಸಲದಂತೆ ಒಂದೊಂದನ್ನೂ ಬಿಚ್ಚಿ ನೋಡಿ, "ಮಣ್ಣು ಎಲ್ಲಿತ್ತು?" ಎಂದು ಕೇಳಿದರು.

ಹಳೆಯ ಕೋಚ್ ಒಮ್ಮೆಯೂ ಕೇಳಿದ್ದಿಲ್ಲ. ನನಗೆ ಖುಷಿಯಾಯಿತು.

"ಮೊದಲ ಪಂದ್ಯದಲ್ಲಿ ಹತ್ತು ಅಂಗಿಗೆ ಬೆನ್ನಲ್ಲಿ. ಈ ಸಲ ಬೆನ್ನಲ್ಲಿ ನಾಲ್ಕಕ್ಕೆ, ಉಳಿದವಕ್ಕೆ ಎದೆಯಲ್ಲಿ."

"ಅಂದರೆ ಕೆಡವಿಸಿಕೊಳ್ಳುವುದು ಕಡಿಮೆ, ಕೆಡವುವುದು ಜಾಸ್ತಿ."

"ಹದಿನಾಲ್ಕರಲ್ಲಿ ಮಣ್ಣೇ ಇರಲಿಲ್ಲ" ಎಂದೆ.

ಅವರು ತಲೆ ತಗ್ಗಿಸಿದರು. "ಭಾನುವಾರ ಅವರನ್ನು ಕರೆಯುವುದು ತಡವಾಯಿತು. ತಪ್ಪು ನನ್ನದು. ಹರ್ಷಿಣಿ-ಸಾನ್ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುತ್ತಾರೆ. ಆದರೆ ಅರ್ಧ ಗಂಟೆಗೆ ಉಸಿರು ಮುಗಿಯುತ್ತದೆ. ಎದುರಿನವರ ಕಾಲು ಸೋತ ಮೇಲೆ ಆ ಅರ್ಧ ಗಂಟೆ ನನಗೆ ಬೇಕು."

"ಇದನ್ನ ಅವಳಿಗೆ ಹೇಳಿದ್ದೀರಾ?"

ಒಗಾತಾ-ಸಾನ್ ಗೂಟ ಹಿಡಿದುಕೊಂಡೇ ನಿಂತರು. "ಹೇಳಬೇಕಿತ್ತೇ?"

"ನಮ್ಮ ಮನೇಲಿ ಉಪ್ಪು ಕಡಿಮೆ ಅನ್ನೋದನ್ನೂ ಬಾಯಿಬಿಟ್ಟು ಹೇಳಬೇಕು" ಎಂದೆ. ಅವರು ನಗಲಿಲ್ಲ. ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡರು.

ಆದರೂ ಅವರು ಹರ್ಷಿಣಿಗೆ ಹೇಳಲಿಲ್ಲ. ನಾಚಿಕೆಯೋ ಏನೋ. ಕೊನೆಗೆ ಶುಕ್ರವಾರ ಚಪಾತಿ ಲಟ್ಟಿಸುತ್ತ ನಾನೇ ಹೇಳಿದೆ. ಹರ್ಷಿಣಿ ಹಂಚಿನ ಮೇಲಿನ ಚಪಾತಿಯನ್ನು ಪಟ್ಟೆಂದು ತಿರುವಿದಳು.

"ಅತ್ತೆ, ಬೆಂಚ್ ಮೇಲೆ ಕೂರಿಸೋರೆಲ್ಲಾ ಹೀಗೇ ಹೇಳೋದು. ‘ನೀನು ಸ್ಪೆಷಲ್’ ಅಂತ. ಸ್ಪೆಷಲ್ ಆಗಿದ್ರೆ ಯಾಕೆ ಕೂರಿಸ್ತಾರೆ?"

"ಒಬ್ಬಟ್ಟನ್ನ ನೀನು ಊಟದ ಮೊದಲೇ ಬಡಿಸ್ತೀಯಾ?" ಅಂತ ಜಯಂತ ತಟ್ಟೆಯಿಂದ ತಲೆ ಎತ್ತದೆ ಕೇಳಿದ.

"ನೀವು ತಿನ್ರಿ ಸುಮ್ನೆ. ಲೆಟರ್ ಹಾಕಿದ್ರಾ ಅತ್ತೆ?"

"ಹಾಕ್ತೀನಮ್ಮ."

"ಅಂಚೆ ಚೀಟಿ ಇಲ್ಲ, ಅಲ್ವಾ?" ಎಂದು ನನ್ನದೇ ದನಿಯಲ್ಲಿ ಅಂದಳು.

ಶನಿವಾರ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಪಕ್ಕದ ಬಾಲ್ಕನಿಯಲ್ಲಿ ನಕಾನೋ-ಸಾನ್ ಹಾಸಿಗೆ ಬಡಿಯುತ್ತಿದ್ದರು. ಸುಮ್ಮನೆ ಕೇಳಿದೆ. "ಕೋಚ್ ಹೋಗಬೇಕು ಅಂತ ನಿಮಗೂ ಅನ್ನಿಸಿತೇ?"

ಹಾಸಿಗೆ ಬಡಿಯುವುದು ನಿಂತಿತು. "ಹೋಗಬೇಕೇ? ಯಾಕೆ? ಮಿಓಗೆ ಅವರೆಂದರೆ ಇಷ್ಟ."

"ಮತ್ತೆ ಮೊಹರು ಒತ್ತಿದ್ದೀರಿ?"

"ಅದು ಕೈರಾನ್‌ಬಾನ್ ಅಲ್ಲವೇ?" ಅವರಿಗೆ ನನಗಿಂತ ಆಶ್ಚರ್ಯ. "ನೋಡಿದೆ, ಮುಂದೆ ದಾಟಿಸಿದೆ ಅಂತ ಒತ್ತಿದ್ದು. ಅದಕ್ಕೆ ಎಲ್ಲರೂ ಒತ್ತುತ್ತಾರಲ್ಲ."

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಹುಡುಗಿ ಸಹಿ ಎಂದುಕೊಂಡದ್ದು ಇವರಿಗೆ ಬರೀ ‘ಕಂಡೆ’ ಅನ್ನುವ ಗುರುತು. ಆರು ವರ್ಷದಿಂದ ಬಾರ್ಲಿ ಚಹಾದ ಕಾಗದಕ್ಕೂ ಹಾಗೇ ಒತ್ತುತ್ತ ಬಂದವರು. ಎಷ್ಟೋ ವರ್ಷ ಹಾಗೇ ಹೆಬ್ಬೆಟ್ಟು ಒತ್ತಿದ ನನಗೂ ಇದು ಮೊದಲೇ ಹೊಳೆಯಬೇಕಿತ್ತು.

ಹರ್ಷಿಣಿಗೆ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಆಡಬೇಕಾದವಳು, ಇವತ್ತು ಯಾಕೆ ಕೆಣಕುವುದು?

ಭಾನುವಾರ ಗಾಳಿ ಜೋರಾಗಿತ್ತು. ನಾನು ಮಡಚುವ ಕುರ್ಚಿಯಲ್ಲಿ ಬೆಂಚಿನ ಹಿಂದೆಯೇ ಕೂತೆ. ಅರ್ಧ ಆಟ ಮುಗಿದಾಗ ಹದಿನಾಲ್ಕು–ಸೊನ್ನೆ, ನಮ್ಮದು ಸೊನ್ನೆ. ಹರ್ಷಿಣಿ ಬೆಂಚಿನ ಮೇಲೆ ಬೂಟಿನ ದಾರ ಕಟ್ಟುವುದು, ಬಿಚ್ಚುವುದು. ನನಗೂ ಒಳಗೊಳಗೇ ಅಳುಕು. ನನ್ನ ತಾಳ್ಮೆ ಬರೀ ಮುದುಕಿಯ ಸೋಮಾರಿತನವಾದರೆ?

ಆದರೆ ಕೃಪಾಳನ್ನು ನೋಡಬೇಕಿತ್ತು. ಆರನೇ ಮಹಡಿಯಿಂದ ಮಕ್ಕಳನ್ನು ಊಟಕ್ಕೆ ಕರೆಯುವ ಗಂಟಲು ಅವಳದು. ಎಲ್ಲರ ಹಿಂದೆ ನಿಂತು, ಇಡೀ ಮೈದಾನ ನೋಡುತ್ತ, ಒಂದೇ ಸಮ ಕಿರುಚುತ್ತಿದ್ದಳು. "ಎಡಕ್ಕೆ! ಎಡಕ್ಕೆ! ಮಿಓ, ಬಲಾ!" ಗಾಬರಿಯಲ್ಲಿ ಅವಳಿಗೆ ಬರುವುದು ಕನ್ನಡವೊಂದೇ. ಮಿಓ ಬಲಕ್ಕೆ ಹಾರಿ ಓಡುತ್ತಿದ್ದವಳ ಸೊಂಟ ಹಿಡಿದು ಕೆಡವಿದಳು. ಮೂರು ಪಂದ್ಯದಲ್ಲಿ ಆ ಜಪಾನಿ ಹುಡುಗಿಯರೆಲ್ಲ ಎಡ–ಬಲ ಕಲಿತುಬಿಟ್ಟಿದ್ದರು. ಹಿಂದಿನಿಂದ ಹೇಳುವವರಿದ್ದರೆ ಮುಂದಿನವರಿಗೆ ಧೈರ್ಯ. ಚೆಂಡು ಹಿಡಿಯಲು ಬಾರದವಳನ್ನು ಅಲ್ಲಿ ಯಾಕೆ ನಿಲ್ಲಿಸಿದರು ಎಂದು ನನಗೆ ಅರ್ಥವಾಯಿತು.

ಇನ್ನು ಇಪ್ಪತ್ತೈದು ನಿಮಿಷ ಇದ್ದಾಗ ಒಗಾತಾ-ಸಾನ್ ಬೆಂಚಿನ ಮುಂದೆ ಬಂದು ಹರ್ಷಿಣಿಯ ಎದುರು ಮೊಣಕಾಲೂರಿ ಕೂತರು. ಪುಸ್ತಕ ತೆಗೆದು, ಬರೆದುಕೊಂಡಿದ್ದನ್ನು ಜೋರಾಗಿ ಓದಿದರು. ಕನ್ನಡದಲ್ಲಿ!

"ನೀವು ನಮ್ಮ ಅತಿ ಒಳ್ಳೆಯವರು. ಈಗ ಹೋಗಿ."

ಯಾರನ್ನು ಕೇಳಿ ಬರೆದುಕೊಂಡಿದ್ದರೋ. ಹರ್ಷಿಣಿ ಬೂಟಿನ ದಾರ ಬಿಗಿದು ಓಡಿದಳು.

ಎದುರಿನವರ ಕಾಲು ಆಗಲೇ ಸೋತಿತ್ತು. ಅವಳನ್ನು ಮೂವರು ಹಿಡಿದರೂ ನಾಲ್ಕು ಹೆಜ್ಜೆ ಎಳೆದುಕೊಂಡು ಹೋದಳು. ಒಂದು ಸಲ ತಾನೇ ಗೆರೆ ದಾಟಿ ಚೆಂಡು ನೆಲಕ್ಕೊತ್ತಿದಳು. ಇನ್ನೊಂದು ಸಲ ಬೀಳುತ್ತ ಬೀಳುತ್ತ ಕೊಟ್ಟ ಚೆಂಡನ್ನು ಮಿಓ ಗೆರೆ ದಾಟಿಸಿದಳು. ಎರಡು ಸಲವೂ ಆಮೇಲೆ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು, ಆರಾರು ಅಂಕ. ಹದಿನಾಲ್ಕು–ಹನ್ನೆರಡು. ಕೊನೆಯ ಸೀಟಿ ಊದಿದಾಗ ಚೆಂಡು ನಮ್ಮವರ ಕೈಯಲ್ಲೇ ಇತ್ತು. ಸೋತೆವು. ಆದರೂ ಸೋತವರ ಹಾಗೆ ಯಾರೂ ಮನೆಗೆ ಹೋಗಲಿಲ್ಲ.

ಸೋಮವಾರ ಹದಿನಾಲ್ಕನೇ ಅಂಗಿಯ ಎದೆಯ ಮಣ್ಣು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹರ್ಷಿಣಿ ಸ್ನಾನದ ಮನೆಯ ಬಾಗಿಲಿಗೆ ಒರಗಿ ನಿಂತಳು. ಕೈಯಲ್ಲಿ ಫ್ರಿಜ್ಜಿನ ಮೇಲಿನ ಕವರು, ಅದಕ್ಕೆ ಗೊಜ್ಜಿನ ಎಣ್ಣೆಯ ದುಂಡು ಗುರುತು.

"ಹಾಕೇ ಇಲ್ಲ ನೀವು."

"ಇಲ್ಲ."

"ಥ್ಯಾಂಕ್ಸ್ ಅತ್ತೆ." ಆಮೇಲೆ ಮೆಲ್ಲಗೆ, "ಆದ್ರೆ ಹನ್ನೊಂದು ಮನೆಯವರು ಒಪ್ಪಿ ಆಗಿದೆ. ಈಗ ನಾನೊಬ್ಳು ಮನಸ್ಸು ಬದಲಾಯಿಸಿದ್ರೆ ಹೇಗೆ? ನಾಡಿದ್ದು ಮೂವತ್ತೊಂದು."

ಆಗ ನಕಾನೋ-ಸಾನ್ ಹೇಳಿದ್ದನ್ನು ಹೇಳಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ ಕೆಂಪಾದಳು, ಆಮೇಲೆ ತೊಟ್ಟಿಯ ಅಂಚಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಾಗಾದ್ರೆ ನಾನು ಬಾರ್ಲಿ ಟೀ ಲಿಸ್ಟ್ ಮೇಲೆ ಕ್ರಾಂತಿ ಮಾಡೋಕೆ ಹೋಗಿದ್ದೆ!"

ಸಂಜೆ ಇಬ್ಬರೂ ಮನೆ ಮನೆಗೆ ಹೋದೆವು. ಪ್ರತಿ ಬಾಗಿಲಲ್ಲಿ ಹರ್ಷಿಣಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಬಗ್ಗುವುದು, ಒತ್ತಿದ್ದು ನೋಡಿದ್ದಕ್ಕೋ ಒಪ್ಪಿದ್ದಕ್ಕೋ ಎಂದು ನಾನು ಕೇಳುವುದು. ಏಳು ಮನೆಯವರು ನೋಡಿದ್ದಕ್ಕೆ ಒತ್ತಿದ್ದರು. ಒಬ್ಬರು ಓದಿಯೇ ಇರಲಿಲ್ಲ. ಒಪ್ಪಿ ಒತ್ತಿದ್ದು ಮೂರೇ ಮನೆ. ಅದರಲ್ಲಿ ಕೃಪಾ ಒಬ್ಬಳು.

"ಆಂಟೀ, ಆಗ ನನ್ನ ಹಿಂದೆ ಯಾರೂ ಇಲ್ಲ ಅಂತ ಹೆದ್ರಿಕೆ ಆಗಿತ್ತು. ಈಗ ನೋಡಿ, ಎಲ್ರೂ ನನ್ನ ಮುಂದೆ ಇದಾರೆ. ಎಲ್ರಿಗೂ ಬೈಬಹುದು! ನಾನು ಬಿಟ್ಟುಕೊಡಲ್ಲ ಆ ನಂಬರ್‌ನ."

ಮಾರನೆಯ ದಿನ ಹರ್ಷಿಣಿ ಹೊಸ ಕಾಗದ ಬರೆದಳು. ಕೋಚ್ ಒಗಾತಾ ಅವರೇ ವರ್ಷಪೂರ್ತಿ ಇರಲಿ. ಆದರೆ ಯಾರನ್ನು ಯಾಕೆ ಎಲ್ಲಿ ಆಡಿಸುತ್ತಾರೆ ಎಂದು ಪಂದ್ಯದ ಹಿಂದಿನ ದಿನ ಬಾಯಿಬಿಟ್ಟು ಹೇಳಲಿ. ಮೇಲ್ಗಡೆ ದೊಡ್ಡದಾಗಿ, ಒಪ್ಪಿದರೆ ಮಾತ್ರ ಒತ್ತಿ ಎಂದು ಬರೆದು ಅಡಿಗೆರೆ ಎಳೆದಳು. ಹನ್ನೊಂದು ಮೊಹರು ಮತ್ತೆ ಬಿದ್ದವು. ಕೊನೆಗೆ ನಾನು ನನ್ನ ಚೌಕದಲ್ಲಿ, ಮೇಲೊಮ್ಮೆ ಕೆಳಗೊಮ್ಮೆ ಓದಿ, ಉಸಿರು ಹಿಡಿದು ಒತ್ತಿದೆ. ಸ್ವಲ್ಪ ಓರೆಯಾಯಿತು. ಇರಲಿ.

ಇಬ್ಬರೂ ಕೆಳಗಿಳಿದು ಕೊಂಬಿನಿಯ ಪಕ್ಕದ ಕೆಂಪು ಅಂಚೆ ಡಬ್ಬಿಯ ಹತ್ತಿರ ಹೋದೆವು. ಹರ್ಷಿಣಿ ಕವರನ್ನು ನನ್ನ ಕೈಗೆ ಕೊಟ್ಟಳು. "ಹಿಡಿದಿಟ್ಟವರು ನೀವು, ನೀವೇ ಹಾಕಿ."

ಕೈ ಡಬ್ಬಿಯ ಬಾಯಿಗೆ ಹೋಗಿತ್ತು. ಆರನೇ ಮಹಡಿಯಿಂದ ಆ ಗಂಟಲು ಬಂತು.

"ಆಂಟೀ! ಅಂಚೆ ಚೀಟಿ ಹಚ್ಚಿದ್ರಾ?"

ಕವರು ತಿರುಗಿಸಿ ನೋಡಿದೆ. ಹಚ್ಚಿರಲಿಲ್ಲ. ಹರ್ಷಿಣಿ ನನ್ನ ಮುಖ ನೋಡಿದಳು. "ಇಷ್ಟು ದಿನ ನಿಜವಾಗ್ಲೂ ಇರ್ಲಿಲ್ವಾ ಅತ್ತೆ?"

"ಇರಲಿಲ್ಲಮ್ಮ. ನಾನೇನು ಸುಳ್ಳು ಹೇಳ್ತೀನಾ?"

ಅವಳು ಕೊಂಬಿನಿಗೆ ಓಡಿದಳು. ಅರ್ಧ ಗಂಟೆಯ ಉಸಿರಿನ ಓಟ. ಒಂದು ಚೀಟಿ ತಂದು ನಾಲಿಗೆಗೆ ತಾಗಿಸಿ, ಹಚ್ಚಿ, ಹೆಬ್ಬೆಟ್ಟಿನಿಂದ ಗಟ್ಟಿಯಾಗಿ ಒತ್ತಿದಳು. ನಾನು ಕವರನ್ನು ಡಬ್ಬಿಯೊಳಗೆ ಬಿಟ್ಟೆ. ಒಳಗೆ ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಆರನೇ ಮಹಡಿಗೆ ಕೇಳಿಸಿರಲಾರದು, ಆದರೂ ಮೇಲಿನಿಂದ ಚಪ್ಪಾಳೆ ಬಂತು.